ಶೈಲಾಕನ ಮಗಳ ಬೆನ್ನು ಹಿಡಿದು

ಎಂ.ಎ. ತರಗತಿಗೆ ಶೇಕ್ಸ್‌ಪಿಯರ್‌ನ ನಾಟಕ 'ದಿ ಮರ್ಚೆಂಟ್ ಆಫ್ ವೆನಿಸ್' ಪಾಠ ಮಾಡುವಾಗ ನಾನು ಅದರ ಯಹೂದಿ ಸಾಲಗಾರ ಸಾಹುಕಾರ ಶೈಲಾಕನಿಂದ ಶುರು ಮಾಡುವುದಿಲ್ಲ. ಹೈಸ್ಕೂಲಿನಲ್ಲೇ ಅವನ ಕತೆ ಕೇಳಿದ ಮಕ್ಕಳು 'ಕಟುಕ ಬಡ್ಡಿಸಾಹುಕಾರ' ಎಂಬ ತೀರ್ಪಿನೊಂದಿಗೇ ಬಂದು ಕೂತಿರುತ್ತಾರೆ. ಅದಕ್ಕೇ, ಅಪ್ಪನ ಹಣ, ಒಡವೆ ಎತ್ತಿಕೊಂಡು ಕ್ರೈಸ್ತ ಪ್ರಿಯಕರನೊಂದಿಗೆ ಓಡಿಹೋಗುವ ಅವನ ಮಗಳು ಜೆಸಿಕಾಳ ಬೆನ್ನು ಹಿಡಿಯುತ್ತೇವೆ. ಅವಳೇ ಆಡಿದ ಮಾತಿಗೆ ಒಂದು ಬಣ್ಣದ ಗೆರೆ, ಅವಳ ಬಗ್ಗೆ ಬೇರೆಯವರು ಆಡಿದ್ದಕ್ಕೆ ಇನ್ನೊಂದು.

ಇತಿಹಾಸವನ್ನು ಚುಟುಕಾಗಿ ಮುಗಿಸುತ್ತೇನೆ. 1290ರಲ್ಲಿ ಒಂದನೇ ಎಡ್ವರ್ಡ್ ಯಹೂದಿಗಳನ್ನು ಇಂಗ್ಲೆಂಡಿನಿಂದ ಹೊರಗಟ್ಟಿದ. ಅವರಿಗೆ ಬಾಗಿಲು ಮತ್ತೆ ತೆರೆದದ್ದು 1656ರ ಹೊತ್ತಿಗೆ, ಶೇಕ್ಸ್‌ಪಿಯರ್ ಈ ನಾಟಕ ಬರೆದು ಎಷ್ಟೋ ವರ್ಷವಾದ ಮೇಲೆ. ಹೊರಗಟ್ಟಿ ಸುಮಾರು ನೂರು ವರ್ಷವಾದ ಮೇಲೆ, ಯಹೂದಿಗಳು ಕ್ರೈಸ್ತ ಬಾಲಕನ ಕತ್ತು ಕೊಯ್ದ ಕತೆಯನ್ನು ಇಂಗ್ಲಿಷ್ ಕವಿ ಚಾಸರ್ ಒಬ್ಬ ಸನ್ಯಾಸಿನಿಯ ಬಾಯಲ್ಲಿ ಹೇಳಿಸಿದ. ಬೋನಿಗೆ ಬಿದ್ದ ಇಲಿಯನ್ನು ಕಂಡರೂ ಅಳುವ ಹೆಂಗಸು ಆಕೆ. ತನ್ನ ಕತೆಯ ಯಹೂದಿಗಳನ್ನು ಕುದುರೆಗಳಿಂದ ಎಳೆಸಿ ನೇಣಿಗೆ ಹಾಕಿಸುವಾಗ ಮಾತ್ರ ಕಣ್ಣು ಒದ್ದೆಯಾಗುವುದಿಲ್ಲ.

ಜೆಸಿಕಾಳ ಪಕ್ಕಕ್ಕೆ, ಶೇಕ್ಸ್‌ಪಿಯರ್‌ನ ಕಾಲದವನೇ ಆದ ನಾಟಕಕಾರ ಮಾರ್ಲೋನ 'ದಿ ಜ್ಯೂ ಆಫ್ ಮಾಲ್ಟಾ'ದ ಅಬಿಗೇಲಳನ್ನು ಇಡುತ್ತೇನೆ. ಅವಳು ಮಠ ಸೇರುವುದು ಎರಡು ಸಲ: ಮೊದಲು ಅಪ್ಪ ಬಚ್ಚಿಟ್ಟ ಚಿನ್ನ ತರಲೆಂದು ನಾಟಕವಾಡಿ, ಆಮೇಲೆ ನಿಜವಾಗಿಯೇ. ಆಗ ಅಪ್ಪ ಬರಾಬಸ್ ಅಕ್ಕಿ ಗಂಜಿಗೆ ವಿಷ ಬೆರೆಸಿ ಇಡೀ ಮಠವನ್ನೇ ಕೊಲ್ಲುತ್ತಾನೆ. ತಾನು ಕ್ರೈಸ್ತಳಾಗಿ ಸಾಯುತ್ತಿದ್ದೇನೆ, ಸಾಕ್ಷಿಯಾಗಿರಿ ಎಂದು ಅವಳು ಅಂದರೆ, ಕನ್ಯೆಯಾಗಿಯೇ ಸತ್ತಳಲ್ಲ ಎಂದು ಪಕ್ಕದ ಪಾದ್ರಿಗೆ ಸಂಕಟ! ಇಲ್ಲಿ ತರಗತಿ ನಗುತ್ತದೆ, ನಗಲಿ. ಯಹೂದಿ ಅಪ್ಪ ರಾಕ್ಷಸ, ಮಗಳು ಮಾತ್ರ ಚೆಲುವೆ, ಮತಾಂತರಕ್ಕೆ ಒದಗುವವಳು ಎಂಬ ಅಚ್ಚು ಎರಡೂ ನಾಟಕಗಳಲ್ಲಿ ಒಂದೇ. ಸುನ್ನತಿಯ ಗುರುತಿಲ್ಲದ ಹೆಣ್ಣನ್ನು ತಮ್ಮವಳೆಂದು ಒಪ್ಪಿಕೊಳ್ಳುವುದು ಆ ಪ್ರೇಕ್ಷಕರಿಗೆ ಸುಲಭವಿತ್ತು ಎಂಬುದು ನನ್ನ ಓದು.

ಬಣ್ಣದ ಗೆರೆಗಳ ಲಾಭ ಕಾಣುವುದು ಆಮೇಲೆ. 'ನನ್ನ ಮಗಳೇ, ನನ್ನ ಡಕಟ್‌ಗಳೇ (ಚಿನ್ನದ ನಾಣ್ಯಗಳೇ)' ಎಂದು ಶೈಲಾಕ್ ಬೀದಿಯಲ್ಲಿ ಕಿರುಚಿದ ಎಂಬುದು ಎಲ್ಲರಿಗೂ ಗೊತ್ತು. ಆದರೆ ರಂಗದ ಮೇಲೆ ಅವನು ಹಾಗೆ ಕಿರುಚುವುದೇ ಇಲ್ಲ. ಅದು ವೆನಿಸ್ಸಿನ ಕ್ರೈಸ್ತ ಸೊಲಾನಿಯೊ ಅಣಕಿಸಿ ಹೇಳಿದ ವರದಿ. ಜೆಸಿಕಾ ಉಂಗುರ ಕೊಟ್ಟು ಕೋತಿ ಕೊಂಡದ್ದೂ ಶೈಲಾಕನ ಯಹೂದಿ ಗೆಳೆಯ ಟ್ಯೂಬಲ್ ತಂದ ಸುದ್ದಿಯೇ. ಆ ಉಂಗುರ ಮದುವೆಗೆ ಮುಂಚೆ ಹೆಂಡತಿ ಲೇಯಾ ತನಗೆ ಕೊಟ್ಟದ್ದೆಂದು ಶೈಲಾಕ್ ಒದ್ದಾಡುತ್ತಾನೆ. ಆ ಹೆಂಗಸಿಗೆ ಇಡೀ ನಾಟಕದಲ್ಲಿ ಸಿಗುವುದು ಅದೊಂದೇ ಉಲ್ಲೇಖ. ಯಾರ ಬಾಯಿಂದ ಬಂತು, ಯಾರು ಕೇಳಿಸಿಕೊಂಡರು ಎಂದು ಪ್ರತಿ ಸಾಲಿಗೂ ಕೇಳುವುದನ್ನು ವಿದ್ಯಾರ್ಥಿಗಳು ಇಲ್ಲಿಂದ ತಾವಾಗಿಯೇ ಶುರು ಮಾಡುತ್ತಾರೆ.

ಮದುವೆಯಾಗಿ ಕ್ರೈಸ್ತಳಾದ ಮೇಲೂ ಅವಳಿಗೆ ಬಿಡುಗಡೆಯಿಲ್ಲ. ಯಹೂದಿಯ ಮಗಳಾದ ನಿನಗೆ ನರಕವೇ ಗತಿ, ಹಂದಿ ತಿನ್ನದ ಯಹೂದಿಗಳು ಇಷ್ಟು ಜನ ಮತ ಬದಲಿಸಿದರೆ ಹಂದಿಮಾಂಸದ ಬೆಲೆ ಏರುತ್ತದೆ ಎಂದು ಕೆಲಸದಾಳು ಲಾನ್ಸಲಾಟ್ ಹಾಸ್ಯ ಮಾಡುತ್ತಾನೆ. ಐದನೇ ಅಂಕದಲ್ಲಿ, ಇಂಪಾದ ಸಂಗೀತ ಕೇಳಿದರೆ ತನಗೆಂದೂ ಉಲ್ಲಾಸವಾಗುವುದಿಲ್ಲ ಎಂದದ್ದೇ ಅವಳ ಕೊನೆಯ ಮಾತು. ನಾಟಕ ಇನ್ನೂ ಇನ್ನೂರಕ್ಕೂ ಹೆಚ್ಚು ಸಾಲು ನಡೆಯುತ್ತದೆ. ಅಪ್ಪ ಸತ್ತ ಮೇಲೆ ಅವನ ಆಸ್ತಿ ಇವರಿಗೆ ಎಂಬ ಪತ್ರ ಕೈಗೆ ಬಂದಾಗಲೂ ಬಾಯಿ ತೆರೆಯುವವನು ಗಂಡ ಲೊರೆಂಜೊ. ಹಸಿದವರ ದಾರಿಯಲ್ಲಿ ಮನ್ನಾ ಸುರಿದಂತಾಯಿತು ಎನ್ನುತ್ತಾನೆ, ಮರಳುಗಾಡಿನಲ್ಲಿ ಹಸಿದ ಮೋಶೆಯ ಜನರಿಗೆ, ಅಂದರೆ ಯಹೂದಿಗಳಿಗೆ, ಆಕಾಶದಿಂದ ಮನ್ನಾ ಎಂಬ ಆಹಾರ ಬಿದ್ದ ಬೈಬಲ್ ಕತೆಯನ್ನೇ ಎತ್ತಿಕೊಂಡು.

ಆ ಹೊತ್ತಿಗೆ ಜೆಸಿಕಾಳನ್ನು ರಂಗದ ಮೇಲೆ ಎಲ್ಲಿ ನಿಲ್ಲಿಸುತ್ತೀರಿ ಎಂಬುದೇ ನಾನು ಕೊಡುವ ಕೊನೆಯ ಕೆಲಸ. ಗಂಡನ ಪಕ್ಕ, ನಾಟಕದ ನಾಯಕಿ ಪೋರ್ಷಿಯಾಳ ಹಿಂದೆ, ಎಲ್ಲರಿಂದ ದೂರ, ಎಲ್ಲಿ ಬೇಕಾದರೂ ನಿಲ್ಲಿಸಬಹುದು; ಸಮರ್ಥನೆಗೆ ನಾಟಕದ್ದೇ ಸಾಲು ತೋರಿಸಬೇಕು.