ಪ್ಲಾನ್ ಬರೆಸುವ ಮೊದಲು ಗ್ರಾಮ ನಕ್ಷೆ ನೋಡಿ: ರಾಜಕಾಲುವೆ ಹತ್ತಿರ ಮನೆ ಕಟ್ಟುವವರಿಗೆ

ಬೆಂಗಳೂರಿನ ಪೂರ್ವ ಭಾಗದಲ್ಲಿ ಮನೆ ಪ್ಲಾನ್ ಮಾಡಿ, ಮಂಜೂರಾತಿ ಕೆಲಸವನ್ನೂ ನೋಡಿಕೊಳ್ಳುವ ಸಿವಿಲ್ ಇಂಜಿನಿಯರ್ ನಾನು. ಹೊರಮಾವು, ಕಲ್ಕೆರೆ, ರಾಂಪುರದ ಕಡೆಯವರೇ ನನ್ನ ಹತ್ತಿರ ಹೆಚ್ಚು ಬರುತ್ತಾರೆ. ಬಂದವರು ಕೇಳುವುದು ಎಷ್ಟು ಫ್ಲೋರ್ ಹಾಕಬಹುದು, ಪ್ಲಾನ್ ಯಾವಾಗ ಕೈಗೆ ಸಿಗುತ್ತದೆ ಎಂದು. ನಾನು ಕೇಳುವುದು ಸರ್ವೆ ನಂಬರ್. ಲೇಔಟ್ ಆಗುವ ಮುಂಚೆ ಆ ಜಾಗ ಹೊಲವೋ ಗದ್ದೆಯೋ ಆಗಿದ್ದಾಗ ಇದ್ದ ನಂಬರ್ ಬೇಕು. ಅದು ಗೊತ್ತಾಗುವವರೆಗೆ ನಾನು ಒಂದು ಗೆರೆಯನ್ನೂ ಎಳೆಯುವುದಿಲ್ಲ.

ಕಾರಣ ಇದೆ. ನೆರೆ ಬರುವ ಜಾಗದಲ್ಲಿ ಕಟ್ಟಡ ಹೇಗಿರಬೇಕು ಎಂದು ಹೇಳುವ ಪ್ರತ್ಯೇಕ ಕಾಯ್ದೆ ನಮ್ಮ ರಾಜ್ಯದಲ್ಲಿಲ್ಲ. ಕೇಂದ್ರ 1975ರಲ್ಲೇ ಒಂದು ಮಾದರಿ ಮಸೂದೆಯನ್ನು ರಾಜ್ಯಗಳಿಗೆ ಕಳಿಸಿತ್ತು; ಮಣಿಪುರ, ರಾಜಸ್ಥಾನದಂಥ ಕೆಲವೇ ರಾಜ್ಯಗಳು ಅದನ್ನು ಕಾಯ್ದೆ ಮಾಡಿಕೊಂಡವು. ಬೆಂಗಳೂರಿನಲ್ಲಿ ನಮಗಿರುವ ಆಸರೆ ಮಾಸ್ಟರ್ ಪ್ಲಾನಿನ ಬಫರ್ ನಿಯಮ. ಕೆರೆಯಿಂದ, ಮಳೆನೀರು ಹರಿಸುವ ರಾಜಕಾಲುವೆಯಿಂದ ಇಷ್ಟು ದೂರದೊಳಗೆ ಮನೆ ಕಟ್ಟುವ ಹಾಗಿಲ್ಲ ಎನ್ನುವ ಆ ಒಂದೇ ನಿಯಮದ ಮೇಲೆ ನಿಮ್ಮ ಸೈಟಿನ ಹಣೆಬರಹ ನಿಂತಿರುತ್ತದೆ.

2015ರ ಪರಿಷ್ಕೃತ ಮಾಸ್ಟರ್ ಪ್ಲಾನಿನಲ್ಲಿ ಕೆರೆಗೆ 30 ಮೀಟರ್ ಬಫರ್ ಇದೆ. ಕಾಲುವೆಗಳಿಗೆ ದೊಡ್ಡದರಿಂದ ಸಣ್ಣದಕ್ಕೆ ಮೂರು ದರ್ಜೆ: ಪ್ರಾಥಮಿಕ ರಾಜಕಾಲುವೆಗೆ 50, ದ್ವಿತೀಯಕ್ಕೆ 25, ತೃತೀಯಕ್ಕೆ 15 ಮೀಟರ್. ಕಾಲುವೆಯ ಲೆಕ್ಕವನ್ನು ಮಧ್ಯದ ಗೆರೆಯಿಂದ ಎರಡೂ ಬದಿಗೆ ಹಿಡಿಯಬೇಕು. 2016ರ ಮೇ ತಿಂಗಳಲ್ಲಿ ಹಸಿರು ನ್ಯಾಯಮಂಡಳಿ ಕೆರೆಗೆ 75 ಮೀಟರ್, ಕಾಲುವೆಗಳಿಗೆ 50, 35, 25 ಮೀಟರ್ ಎಂದು ಹೆಚ್ಚಿಸಿ, ಅಂಚಿನಿಂದ ಅಳೆಯಬೇಕು ಎಂದಿತ್ತು. 2019ರ ಮಾರ್ಚ್‌ನಲ್ಲಿ ಸುಪ್ರೀಂ ಕೋರ್ಟ್ ಆ ಆದೇಶವನ್ನು ರದ್ದು ಮಾಡಿತು, ಮಾಸ್ಟರ್ ಪ್ಲಾನಿನ ಅಂತರಗಳೇ ಉಳಿದವು. ಹಳೆಯ ಮಾತು ಹಿಡಿದುಕೊಂಡು 75 ಮೀಟರ್ ಎಂದು ಹೆದರಿಸುವ ದಲ್ಲಾಳಿಗಳೂ ಇದ್ದಾರೆ, ಈಗ ಬಫರ್ ಎಂಬುದೇ ಇಲ್ಲ ಎಂದು ನಂಬಿಸಿ ಸೈಟ್ ಮಾರುವವರೂ ಇದ್ದಾರೆ. ಇಬ್ಬರ ಮಾತಿಗೂ ಕಿವಿ ಕೊಡಬೇಡಿ. ಈ ಅಂತರಗಳ ಬಗ್ಗೆ ಸರ್ಕಾರದ ಮಟ್ಟದಲ್ಲಿ ಆಗಾಗ ತಿದ್ದುಪಡಿಯ ಚರ್ಚೆ ನಡೆಯುತ್ತಲೇ ಇರುತ್ತದೆ. ಹಾಗಾಗಿ ಅರ್ಜಿ ಹಾಕುವ ವಾರದಲ್ಲಿ ಜಾರಿಯಲ್ಲಿರುವ ಅಂತರ ಎಷ್ಟು ಎಂದು ನಗರ ಯೋಜನೆ ವಿಭಾಗದಲ್ಲಿ ಕೇಳಿ, ಉತ್ತರವನ್ನು ಬರಹದಲ್ಲೇ ಪಡೆಯಿರಿ.

ಮೀಟರ್ ಲೆಕ್ಕ ನೆಲದ ಮೇಲೆ ಹೇಗೆ ಬೀಳುತ್ತದೆ ನೋಡಿ. ನಿಮ್ಮದು 30×40 ಸೈಟು, 40 ಅಡಿ ಉದ್ದದ ಕಡೆ ಹಿಂದಕ್ಕಿದೆ ಎಂದುಕೊಳ್ಳಿ. ಹಿಂದಿನ ಗಡಿಯಿಂದ 40 ಅಡಿ ಆಚೆ ಒಂದು ತೃತೀಯ ಕಾಲುವೆಯ ಮಧ್ಯದ ಗೆರೆ ಹಾದುಹೋಗಿದೆ. 15 ಮೀಟರ್ ಎಂದರೆ ಸುಮಾರು 49 ಅಡಿ. ಅಂದರೆ ನಿಮ್ಮ ಸೈಟಿನ ಹಿಂಭಾಗದ 9 ಅಡಿ ಬಫರಿನೊಳಗೆ ಸೇರಿತು. ಕಟ್ಟಲು ಉಳಿದದ್ದು 31 ಅಡಿ, ಅದರಲ್ಲೂ ಮುಂದಿನ ಸೆಟ್‌ಬ್ಯಾಕ್, ಅಂದರೆ ಗಡಿಯಿಂದ ಖಾಲಿ ಬಿಡುವ ಜಾಗ, ಬಿಡಬೇಕು. ಅದೇ ಕಾಲುವೆ ದಾಖಲೆಯಲ್ಲಿ ದ್ವಿತೀಯ ಎಂದಿದ್ದರೆ ಲೆಕ್ಕ 82 ಅಡಿಗೆ ಹೋಗುತ್ತದೆ, ಇಡೀ ಸೈಟೇ ಬಫರಿಗೆ ಸೇರುತ್ತದೆ. ಕಾಲುವೆ ಯಾವ ದರ್ಜೆಯದು ಎಂಬ ಒಂದು ಮಾತು ಒಂದು ಕುಟುಂಬದ ಇಡೀ ಉಳಿತಾಯದ ಪ್ರಶ್ನೆಯಾಗುವುದು ಹೀಗೆ. ಕಣ್ಣಳತೆಯಲ್ಲಿ 'ಸಣ್ಣ ಮೋರಿ ಕಣ್ರೀ' ಎಂದವರನ್ನು ನಂಬಲೇಬೇಡಿ. ಇವತ್ತು ಕಾಂಕ್ರೀಟ್ ಗೋಡೆಗಳ ನಡುವೆ ಆರೇಳು ಅಡಿಗೆ ಕುಗ್ಗಿರುವ ಕಾಲುವೆ ಸರ್ವೆ ದಾಖಲೆಯಲ್ಲಿ ಅದರ ಹಲವು ಪಟ್ಟು ಅಗಲ ಇರಬಹುದು. ಅಳತೆ ಹಿಡಿಯುವುದು ದಾಖಲೆಯಲ್ಲಿರುವ ಕಾಲುವೆಗೆ.

ಹಾಗಾಗಿ ಮೊದಲ ಕೆಲಸ ಗ್ರಾಮ ನಕ್ಷೆ. ಭೂಮಾಪನ ಇಲಾಖೆಯ ಜಾಲತಾಣದಲ್ಲಿ ಹಳ್ಳಿವಾರು ಸಿಗುತ್ತದೆ. ಮೊಬೈಲಿನಲ್ಲಿ ದಿಶಾಂಕ್ ಆ್ಯಪ್ ಹಾಕಿಕೊಂಡು ಸೈಟಿನ ಮೇಲೆ ನಿಂತರೆ ನೀವು ಯಾವ ಸರ್ವೆ ನಂಬರಿನಲ್ಲಿದ್ದೀರಿ ಎಂದು ತೋರಿಸುತ್ತದೆ. ಆ ನಂಬರನ್ನು ನಕ್ಷೆಯಲ್ಲಿ ಹುಡುಕಿ, ಸುತ್ತ ಇರುವ ಗೆರೆಗಳನ್ನು ಸಾವಧಾನವಾಗಿ ನೋಡಿ. ಸರ್ವೆ ನಂಬರುಗಳ ನಡುವೆ ಜೋಡಿ ಗೆರೆ ಬಾಗುತ್ತಾ ಹೋಗಿ ಕೆರೆಗೆ ಸೇರಿದ್ದರೆ ಅದು ಹಳ್ಳ ಅಥವಾ ಕಾಲುವೆ. ಅದು ಮೇಲಿನ ಯಾವ ಕೆರೆಯ ಕೋಡಿಯಿಂದ ಹೊರಟಿದೆ, ಕೆಳಗೆ ಯಾವ ಕೆರೆಗೆ ಹೋಗುತ್ತದೆ ಎಂದು ಬೆರಳಿಟ್ಟು ಹಿಂಬಾಲಿಸಿ. ನಮ್ಮ ಕಡೆಯ ನೀರು ಕಲ್ಕೆರೆ, ರಾಂಪುರ ಕೆರೆ, ಎಲೆಮಲ್ಲಪ್ಪ ಶೆಟ್ಟಿ ಕೆರೆ ಎಂದು ಒಂದರಿಂದ ಒಂದಕ್ಕೆ ಇಳಿದು ದಕ್ಷಿಣ ಪಿನಾಕಿನಿಯ ದಾರಿ ಹಿಡಿಯುತ್ತದೆ. ಎರಡು ಕೆರೆಗಳ ನಡುವಿನ ತಗ್ಗಿನಲ್ಲಿ ನಿಮ್ಮ ಸೈಟು ಬಿದ್ದಿದ್ದರೆ, ಬಫರಿನಿಂದ ಹೊರಗಿದ್ದರೂ ಜೋರು ಮಳೆಗೆ ಅಲ್ಲಿ ನೀರು ನಿಲ್ಲುತ್ತದೆ ಎಂದೇ ಲೆಕ್ಕ ಹಾಕಿ ಮನೆ ಕಟ್ಟಬೇಕು.

ಆಮೇಲೆ ಹಳೆಯ ಪಹಣಿ ಮತ್ತು ಆಕಾರ್ ಬಂದ್ (ಸರ್ವೆ ನಂಬರಿನ ವಿಸ್ತೀರ್ಣದ ದಾಖಲೆ) ತೆಗೆಸಿ, ಖರಾಬು ಕಾಲಂ ನೋಡಿ. ಎ ಖರಾಬು ಎಂದರೆ ಬೇಸಾಯಕ್ಕೆ ಬಾರದ ಜಾಗ. ಬಿ ಖರಾಬು ಎಂದರೆ ದಾರಿ, ಹಳ್ಳ, ಕಾಲುವೆಯಂಥ ಸಾರ್ವಜನಿಕ ಬಳಕೆಗೆ ಬಿಟ್ಟದ್ದು, ಅದು ಸರ್ಕಾರದ್ದು. ಸರ್ವೆ ನಂಬರಿನಲ್ಲಿ ಐದು ಗುಂಟೆ ಬಿ ಖರಾಬು ಎಂದಿದ್ದು, ಲೇಔಟ್ ನಕ್ಷೆಯಲ್ಲಿ ಆ ಐದು ಗುಂಟೆ ಎಲ್ಲೂ ಕಾಣದಿದ್ದರೆ ಅದನ್ನು ಯಾರದೋ ಸೈಟಿನೊಳಗೆ ಸೇರಿಸಿದ್ದಾರೆ ಎಂದರ್ಥ. ಆ ಯಾರೋ ನೀವೇ ಇರಬಹುದು. ನೋಂದಣಿ ಆಗಿದೆ, ಖಾತೆ ಇದೆ, ಕಂದಾಯ ಕಟ್ಟಿದ್ದೇವೆ ಎಂದು ಜನ ಧೈರ್ಯ ತಂದುಕೊಳ್ಳುತ್ತಾರೆ. ಆ ಮೂರೂ ಕಾಗದಗಳು ಕಾಲುವೆ ಎಲ್ಲಿದೆ ಎಂದು ಹೇಳುವುದಿಲ್ಲ. ತೆರವಿನ ಜೆಸಿಬಿ ಬಂದ ದಿನ ಅವು ಕಾಪಾಡಿದ್ದನ್ನು ನಾನು ಕಂಡಿಲ್ಲ.

ನಕ್ಷೆಯಲ್ಲಿ ಕಾಲುವೆ ಹತ್ತಿರ ಕಂಡರೆ ಹದ್ದುಬಸ್ತು, ಅಂದರೆ ಗಡಿ ಗುರುತಿಸುವ ಸರ್ವೆ ಮಾಡಿಸಿ. ಅರ್ಜಿ ಹಾಕಿದರೆ ಸರ್ವೆಯರ್ ಬಂದು ಗಡಿ ಗುರುತಿಸಿ ಸ್ಕೆಚ್ ಕೊಡುತ್ತಾರೆ. ಸ್ಕೆಚ್ಚಿನಲ್ಲಿ ಕಾಲುವೆಯ ಎರಡೂ ಅಂಚು ಮತ್ತು ಸೈಟಿನ ಗಡಿಗೆ ಇರುವ ದೂರ ಬರೆದಿರಬೇಕು. ಬರೆದಿಲ್ಲದಿದ್ದರೆ ಅಲ್ಲೇ ನಿಂತು ಕೇಳಿ ಬರೆಸಿಕೊಳ್ಳಿ. ಈ ಸ್ಕೆಚ್ ಜೊತೆ ಪಾಲಿಕೆಯ ಬೃಹತ್ ನೀರುಗಾಲುವೆ ವಿಭಾಗದಲ್ಲಿ ಎನ್‌ಒಸಿ (ನಿರಾಕ್ಷೇಪಣಾ ಪತ್ರ) ಕೇಳಿ. ಈಗ ನಗರಕ್ಕೆ ಐದು ಪಾಲಿಕೆ ಆಗಿರುವುದರಿಂದ ನಿಮ್ಮ ವಾರ್ಡ್ ಯಾವ ಪಾಲಿಕೆಗೆ ಸೇರಿದೆ ಎಂದು ಮೊದಲೇ ಖಾತ್ರಿ ಮಾಡಿಕೊಳ್ಳಿ, ಇಲ್ಲವಾದರೆ ಫೈಲು ಟೇಬಲಿನಿಂದ ಟೇಬಲಿಗೆ ಅಲೆಯುತ್ತದೆ. ಎನ್‌ಒಸಿ ಬಂದ ಮೇಲೆ ಪ್ಲಾನಿನ ಸೈಟ್ ಡ್ರಾಯಿಂಗಿನಲ್ಲಿ ಕಾಲುವೆಯ ಮಧ್ಯದ ಗೆರೆ, ಬಫರ್ ಗೆರೆ, ರಸ್ತೆಯ ಮಟ್ಟ, ಸೈಟಿನ ಮಟ್ಟ ನಾಲ್ಕನ್ನೂ ತೋರಿಸಿ ಎಂದು ನಿಮ್ಮ ಇಂಜಿನಿಯರಿಗೆ ಹೇಳಿ. ಕಾಲುವೆಯನ್ನು ಬಿಟ್ಟು ಡ್ರಾಯಿಂಗ್ ಮಾಡಿಕೊಡುತ್ತೇನೆ ಎನ್ನುವವರಿಂದ ದೂರ ಇರಿ.

ಪಾಲಿಕೆಯ 'ನಂಬಿಕೆ ನಕ್ಷೆ' ಯೋಜನೆ ಬಂದ ಮೇಲೆ 50×80ರವರೆಗಿನ ಸೈಟಿಗೆ, ನಾಲ್ಕು ಮನೆಗಳವರೆಗೆ, ಅಧಿಕೃತ ವಾಸ್ತುಶಿಲ್ಪಿ ಇಲ್ಲವೇ ಇಂಜಿನಿಯರ್ ಮೂಲಕ ಆನ್‌ಲೈನಿನಲ್ಲೇ ಬೇಗ ಪರವಾನಗಿ ಸಿಗುತ್ತಿದೆ. ಒಳ್ಳೆಯ ವ್ಯವಸ್ಥೆ. ಆದರೆ ಮೊದಲು ಸಿಗುವುದು ತಾತ್ಕಾಲಿಕ ಪರವಾನಗಿ, ದಾಖಲೆ ಪರಿಶೀಲನೆ ಆಮೇಲೆ. ಕಾಲುವೆ ವಿಷಯ ಬಗೆಹರಿಯದ ಸೈಟಿನಲ್ಲಿ ಆ ಕಾಗದ ನೆಚ್ಚಿಕೊಂಡು ಪಾಯ ತೆಗೆಸಬೇಡಿ.

ಇನ್ನು ಮಟ್ಟದ ವಿಷಯ. ನನ್ನ ಮಟ್ಟಿಗೆ ಮಂಜೂರಾತಿಯಷ್ಟೇ ಮುಖ್ಯವಾದದ್ದು ಇದು. ರಾಷ್ಟ್ರೀಯ ಕಟ್ಟಡ ಸಂಹಿತೆ ಪ್ಲಿಂತ್ (ಮನೆಯ ಒಳನೆಲದ ಮಟ್ಟ) ಸುತ್ತಲಿನ ನೆಲಕ್ಕಿಂತ ಕನಿಷ್ಠ 450 ಮಿಲಿಮೀಟರ್, ಅಂದರೆ ಒಂದೂವರೆ ಅಡಿ ಎತ್ತರ ಇರಬೇಕು ಎನ್ನುತ್ತದೆ. ಅದು ಎಲ್ಲ ಮನೆಗೂ ಹೇಳಿದ ಕನಿಷ್ಠ ಮಟ್ಟ, ತಗ್ಗಿನ ಸೈಟಿಗೆ ಸಾಲದು. 2022ರ ಸೆಪ್ಟೆಂಬರ್ 4ರ ರಾತ್ರಿ ನಗರದಲ್ಲಿ 130 ಮಿಲಿಮೀಟರ್ ದಾಟಿ ಮಳೆ ಸುರಿದಾಗ ಯಮಲೂರು, ಬೆಳ್ಳಂದೂರು ಕಡೆ ಜನರನ್ನು ಟ್ರ್ಯಾಕ್ಟರಿನಲ್ಲಿ, ದೋಣಿಯಲ್ಲಿ ಸಾಗಿಸಬೇಕಾಯಿತು. ನಿಮ್ಮ ಬೀದಿಯಲ್ಲಿ ಆಗ ನೀರು ಎಲ್ಲಿವರೆಗೆ ಬಂದಿತ್ತು ಎಂದು ಅಕ್ಕಪಕ್ಕದವರನ್ನು ಕೇಳಿ. ಬೀದಿ ಮೂಲೆಯ ಇಸ್ತ್ರಿಯವರಿಗೆ, ಕಿರಾಣಿ ಅಂಗಡಿಯಮ್ಮನಿಗೆ ನೆನಪಿರುತ್ತದೆ; ಕಾಂಪೌಂಡ್ ಗೋಡೆಗಳ ಮೇಲೆ ಕಂದು ಗೆರೆ ಇನ್ನೂ ಉಳಿದಿರುತ್ತದೆ. ಮೇಸ್ತ್ರಿಯನ್ನು ಕರೆದುಕೊಂಡು ಹೋಗಿ, ಟ್ಯೂಬ್ ಲೆವೆಲ್ (ನೀರು ತುಂಬಿದ ಪೈಪಿನ ಮಟ್ಟ) ಹಿಡಿದು ಆ ಗೆರೆಯನ್ನು ನಿಮ್ಮ ಸೈಟಿಗೆ ತನ್ನಿ, ವಿದ್ಯುತ್ ಕಂಬಕ್ಕೋ ಪಕ್ಕದ ಗೋಡೆಗೋ ಬಣ್ಣದಲ್ಲಿ ಗುರುತು ಹಾಕಿ. ಪ್ಲಿಂತ್ ಆ ಗುರುತಿನಿಂದ ಮೇಲೆ ಒಂದಡಿಯಾದರೂ ಇರಲಿ. ಡಾಂಬರು ಹಾಕಿದಾಗಲೆಲ್ಲ ರಸ್ತೆ ಏರುತ್ತದೆ, ಅದಕ್ಕೂ ಅರ್ಧ ಅಡಿ ಸೇರಿಸಿ.

ಇಂಥ ಕಡೆ ಬೇಸ್‌ಮೆಂಟ್ ಬೇಡವೇ ಬೇಡ. ಕಾರಿಗೆ ಜಾಗ ಬೇಕಿದ್ದರೆ ಸ್ಟಿಲ್ಟ್ ಮಾಡಿ, ಅಂದರೆ ಕೆಳಗೆ ಬರೀ ಕಂಬಗಳಿರಲಿ, ವಾಸ ಮೊದಲ ಮಹಡಿಯಿಂದ ಶುರುವಾಗಲಿ. ಮೀಟರ್ ಬೋರ್ಡ್, ಮೋಟಾರ್ ಸ್ಟಾರ್ಟರ್, ಯುಪಿಎಸ್ ಎಲ್ಲವೂ ನೆರೆ ಗುರುತಿನ ಮೇಲಿರಲಿ. ಸಂಪಿನ ಬಾಯಿಯನ್ನು ನೆಲಮಟ್ಟಕ್ಕೆ ಬಿಡದೆ ಕಟ್ಟೆ ಎತ್ತಿ ಮುಚ್ಚಳ ಬಿಗಿ ಮಾಡಿಸಿ; ಒಮ್ಮೆ ಮೋರಿ ನೀರು ಸಂಪಿಗೆ ಇಳಿದರೆ ತೊಳೆಸಿ ಮುಗಿಸುವಷ್ಟರಲ್ಲಿ ಸಾಕಾಗುತ್ತದೆ. ಯುಜಿಡಿ (ಒಳಚರಂಡಿ) ಪೈಪಿಗೆ ನೀರು ಹಿಂದಕ್ಕೆ ಬರದಂತೆ ತಡೆಯುವ ವಾಲ್ವ್ ಹಾಕಿಸಲು ಮರೆಯಬೇಡಿ. ಮನೆಗೆ ನೀರು ಬಾಗಿಲಿನಿಂದ ಬರುವ ಮೊದಲು ಬಚ್ಚಲಿನಿಂದ ಬರುತ್ತದೆ.

ಮಣ್ಣು ತುಂಬಿಸಿ ಇಡೀ ಸೈಟನ್ನು ಎತ್ತರಿಸುವ ಯೋಚನೆ ಬೇಡ. ನಿಮ್ಮಲ್ಲಿ ನಿಲ್ಲಬೇಕಿದ್ದ ನೀರು ಪಕ್ಕದ ಹಳೆ ಮನೆಗೆ ನುಗ್ಗುತ್ತದೆ, ಅಲ್ಲಿ ವಯಸ್ಸಾದವರಿರುತ್ತಾರೆ, ಮಕ್ಕಳಿರುತ್ತಾರೆ. ಕಟ್ಟಡವನ್ನಷ್ಟೇ ಎತ್ತಿ, ಸುತ್ತಲಿನ ನೆಲವನ್ನು ಇದ್ದ ಮಟ್ಟದಲ್ಲೇ ಬಿಡಿ. ಕಾಂಪೌಂಡ್ ಗೋಡೆಯ ಬುಡದಲ್ಲಿ ನೀರು ಹಾದುಹೋಗಲು ಕಿಂಡಿ ಇಡಿಸಿ. 30×40 ಮತ್ತು ಅದಕ್ಕಿಂತ ದೊಡ್ಡ ಸೈಟಿನ ಹೊಸ ಮನೆಗೆ ಮಳೆನೀರು ಕೊಯ್ಲು ಹೇಗೂ ಕಡ್ಡಾಯ. ಛಾವಣಿಯ ನೀರನ್ನು ರಸ್ತೆಗೆ ಬಿಡದೆ ತೊಟ್ಟಿಗೆ ಇಳಿಸಿ.

ಸೈಟ್ ಇನ್ನೂ ಕೊಳ್ಳದವರಿಗೆ ಒಂದು ಮಾತು. ಅಡ್ವಾನ್ಸ್ ಕೊಡುವಾಗ ಬರೆಸುವ ಕರಾರು ಪತ್ರದಲ್ಲಿ, ಸೈಟಿನ ಯಾವುದೇ ಭಾಗ ಕೆರೆ ಅಥವಾ ಕಾಲುವೆ ಬಫರಿನಲ್ಲಿದೆ ಎಂದು ಸರ್ವೆಯಲ್ಲಿ ಬಂದರೆ, ಇಲ್ಲವೇ ನೀರುಗಾಲುವೆ ವಿಭಾಗದ ಎನ್‌ಒಸಿ ಸಿಗದಿದ್ದರೆ, ಕೊಟ್ಟ ಹಣ ಪೂರ್ತಿ ವಾಪಸ್ ಕೊಡಬೇಕು ಎಂಬ ಷರತ್ತು ಸೇರಿಸಿ. ವಕೀಲರ ಹತ್ತಿರ ಎರಡು ಸಾಲು ಬರೆಸುವ ಕೆಲಸ ಅದು. ಸೈಟು ಸ್ವಚ್ಛವಾಗಿದ್ದರೆ ಮಾರುವವರು ಸಹಿ ಹಾಕುತ್ತಾರೆ. ಒಪ್ಪದಿದ್ದರೆ ಅಡ್ವಾನ್ಸ್ ಕೊಡದೆ ಎದ್ದು ಬನ್ನಿ.