ಎತ್ತಿಗೆ ಜ್ವರ, ಎಮ್ಮೆಗೆ ಬರೆ: ಸ್ನ್ಯಾಪ್ ವಿಷಯಕ್ಕೆ ಯಾರ ಬಾಗಿಲು ತಟ್ಟಬೇಕು

2025ರ ಜೂನ್ ಮಧ್ಯದಲ್ಲಿ ನಾನು ವಾಷಿಂಗ್ಟನ್ನಿಗೆ ಒಂದು ಪತ್ರ ಹಾಕಿದೆ. ಎರಡು ಪುಟ, ಮೂರು ಸಲ ತಿದ್ದಿ ಬರೆದದ್ದು. ಬಡವರ ಆಹಾರ ನೆರವಾದ ಸ್ನ್ಯಾಪ್‌ಗೆ ಕತ್ತರಿ ಹಾಕುವ ಮಸೂದೆಯನ್ನು ಪಾಸು ಮಾಡಬೇಡಿ ಎಂಬುದು ಅದರ ಸಾರ. ಅಂಚೆ ಡಬ್ಬಿಗೆ ಹಾಕಿ ಬಂದ ಸಂಜೆ ಏನೋ ದೊಡ್ಡ ಕೆಲಸ ಮುಗಿಸಿದ ಸಮಾಧಾನದಲ್ಲಿ ಎರಡು ಲೋಟ ಕಾಫಿ ಕುಡಿದೆ. ಜುಲೈ 1ರಂದು ಆ ಮಸೂದೆ ಸೆನೆಟ್‌ನಲ್ಲಿ 51–50ರಿಂದ ಪಾಸಾಯಿತು, 3ರಂದು ಕೆಳಮನೆಯಲ್ಲಿ 218–214ರಿಂದ, 4ರಂದು ಅಧ್ಯಕ್ಷರ ಸಹಿಯೂ ಬಿತ್ತು. ನನ್ನ ಪತ್ರಕ್ಕೆ ಉತ್ತರ ಬಂದದ್ದು ಆಗಸ್ಟ್ ಕೊನೆಯಲ್ಲಿ. ಕೋಟೆ ಸೂರೆ ಹೋದ ಮೇಲೆ ದಿಡ್ಡಿ ಬಾಗಿಲು ಹಾಕಿದರು ಎಂದು ನಮ್ಮ ಅಜ್ಜಿ ಹೇಳುತ್ತಿದ್ದದ್ದು ಇದನ್ನೇ.

ಆಮೇಲೆ ತಿಳಿಯಿತು: 2001ರಲ್ಲಿ ಆಂಥ್ರಾಕ್ಸ್ ಪುಡಿ ತುಂಬಿದ ಲಕೋಟೆಗಳು ಬಂದಂದಿನಿಂದ ಕಾಂಗ್ರೆಸ್ಸಿಗೆ, ಅಂದರೆ ಇಲ್ಲಿಯ ಸಂಸತ್ತಿಗೆ, ಹೋಗುವ ಅಂಚೆಯನ್ನೆಲ್ಲ ಬೇರೆಡೆ ತಪಾಸಣೆ ಮಾಡಿ ಕಳಿಸುತ್ತಾರೆ. ಅದಕ್ಕೆ ವಾರಗಟ್ಟಲೆ ಹಿಡಿಯುತ್ತದೆ. ಇಪ್ಪತ್ತು ವರ್ಷಗಳಿಂದ ಅಮೆರಿಕದಲ್ಲಿದ್ದೂ ನನಗೆ ಇದು ಗೊತ್ತಿರಲಿಲ್ಲ. ಕಳೆದ ತಿಂಗಳು ನಮ್ಮ ಕನ್ನಡ ಕೂಟದ ಇಬ್ಬರು ಹುಡುಗರು ಇದೇ ರೀತಿ ಪತ್ರ ಬರೆಯಲು ಹೊರಟದ್ದು ನೋಡಿ, ಇನ್ನು ಸುಮ್ಮನಿದ್ದರೆ ಆಗದು ಎಂದು ಇದನ್ನು ಬರೆಯುತ್ತಿದ್ದೇನೆ.

ಸ್ನ್ಯಾಪ್ ಎಂದರೆ ಹಳೆಯ ಫುಡ್ ಸ್ಟ್ಯಾಂಪ್, ಕಾರ್ಡಿಗೆ ತಿಂಗಳಿಗೊಮ್ಮೆ ದುಡ್ಡು ಬೀಳುತ್ತದೆ, ಅದರಲ್ಲಿ ದಿನಸಿ ಕೊಳ್ಳಬಹುದು ಎಂಬುದು ನಿಮಗೆ ಗೊತ್ತೇ ಇದೆ. 2025ರಲ್ಲಿ ಸುಮಾರು 4 ಕೋಟಿ 20 ಲಕ್ಷ ಜನ ಇದನ್ನು ನೆಚ್ಚಿದ್ದರು. ನಾಲ್ಕು ಜನರ ಮನೆಗೆ 2026ರ ಆರ್ಥಿಕ ವರ್ಷದಲ್ಲಿ ಅತಿ ಹೆಚ್ಚೆಂದರೆ ತಿಂಗಳಿಗೆ 994 ಡಾಲರ್. ಸರಾಸರಿ ತೆಗೆದರೆ ಒಬ್ಬರಿಗೆ ದಿನಕ್ಕೆ ಆರು ಡಾಲರಿನ ಆಸುಪಾಸು. ಬಿಸಿ ಅಡುಗೆ, ಸಾಬೂನು, ಮದ್ಯ ಕೊಳ್ಳುವಂತಿಲ್ಲ. ಆದರೆ ತಿನ್ನುವ ಬೆಳೆಯ ಬೀಜ ಕೊಳ್ಳಬಹುದು. ಈ ಒಂದು ನಿಯಮ ಬರೆದವರ ಮೇಲೆ ನನಗೆ ವಿಶೇಷ ಗೌರವ.

‘ನಮ್ಮವರಿಗೆ ಇದೆಲ್ಲ ಏಕೆ, ನಮ್ಮವರು ಯಾರು ತೆಗೆದುಕೊಳ್ಳುತ್ತಾರೆ’ ಎಂದು ಕೇಳುವವರು ಪ್ರತಿ ಯುಗಾದಿ ಊಟದಲ್ಲೂ ಒಬ್ಬರು ಸಿಗುತ್ತಾರೆ. ಎಚ್-1ಬಿ ಕೆಲಸದ ವೀಸಾ ಮೇಲೆ ಬಂದವರಿಗೆ ಇದು ಸಿಗುವುದಿಲ್ಲ, ನಿಜ. ಗ್ರೀನ್ ಕಾರ್ಡ್ ಬಂದ ವಯಸ್ಕರು ಸಾಮಾನ್ಯವಾಗಿ ಐದು ವರ್ಷ ಕಾಯಬೇಕು. ಆದರೆ ಗ್ರೀನ್ ಕಾರ್ಡ್ ಇರುವ, ಹದಿನೆಂಟು ತುಂಬದ ಮಕ್ಕಳಿಗೆ ಆ ಕಾಯುವಿಕೆ ಇಲ್ಲ. ಇಲ್ಲೇ ಹುಟ್ಟಿದ ಮಗು ನಾಗರಿಕ, ಅಪ್ಪ ಅಮ್ಮನ ವೀಸಾ ಯಾವುದೇ ಇರಲಿ. ಪೆಟ್ರೋಲ್ ಬಂಕಿನಲ್ಲಿ ರಾತ್ರಿಪಾಳಿ ಮಾಡುವವರು, ಹೋಟೆಲ್ ಅಡುಗೆಮನೆಯಲ್ಲಿ ದೋಸೆ ಹುಯ್ಯುವವರು, ಗಂಡ ಬಿಟ್ಟುಹೋದ ಮೇಲೆ ಎರಡು ಮಕ್ಕಳೊಂದಿಗೆ ನೆಲಮಾಳಿಗೆಯಲ್ಲಿ ಬಾಡಿಗೆಗೆ ಇರುವವರು ನಮ್ಮಲ್ಲೂ ಇದ್ದಾರೆ. ಅವರು ಯುಗಾದಿ ಊಟಕ್ಕೆ ಬರುವುದಿಲ್ಲ. ಟಿಕೆಟ್ ಮೂವತ್ತೈದು ಡಾಲರ್.

ಈಗ ನಾನು ಬಿದ್ದ ಗುಂಡಿಗೆ ಬರುತ್ತೇನೆ.

ಊರಿನಲ್ಲಿ ನಾವು ಬೆಳೆದ ರೀತಿಯೇ ಬೇರೆ. ಬಿಪಿಎಲ್ ಕಾರ್ಡ್ ಆಗಲಿಲ್ಲವೇ, ಶಾಸಕರ ಮನೆ. ಚರಂಡಿ ಕಟ್ಟಿತೇ, ಶಾಸಕರ ಮನೆ. ಮಗಳಿಗೆ ಹಾಸ್ಟೆಲ್ ಸೀಟು ಬೇಕೇ, ಅದೂ ಅಲ್ಲೇ. ಬೆಳಿಗ್ಗೆ ಏಳಕ್ಕೆ ಹೋಗಿ ಚಪ್ಪಲಿ ಹೊರಗೆ ಬಿಟ್ಟು ಅರ್ಜಿ ಹಿಡಿದು ನಿಂತರೆ ಎಲ್ಲಕ್ಕೂ ಒಂದೇ ಬಾಗಿಲು. ಅದೇ ಅಭ್ಯಾಸದಲ್ಲಿ ಇಲ್ಲಿಯೂ ‘ದೊಡ್ಡವರನ್ನೇ’ ಹಿಡಿಯೋಣ ಎಂದುಕೊಳ್ಳುತ್ತೇವೆ.

ದಾವಣಗೆರೆ ಕಡೆಯ ಒಬ್ಬ ಹೆಣ್ಣುಮಗಳು, ಗ್ರೀನ್ ಕಾರ್ಡ್ ಬಂದು ಏಳು ವರ್ಷವಾದವಳು, ನಮ್ಮ ನ್ಯೂಜೆರ್ಸಿಯಲ್ಲೇ ಒಂದು ಗೋದಾಮಿನಲ್ಲಿ ಡಬ್ಬ ತುಂಬುವ ಕೆಲಸ ಮಾಡುತ್ತಾಳೆ. ಅವಳ ಸ್ನ್ಯಾಪ್ ನವೀಕರಣದ ಕಾಗದಗಳು ಕೌಂಟಿ (ನಮ್ಮ ಜಿಲ್ಲೆಯಂಥದು) ಕಚೇರಿಯಲ್ಲಿ ಎಲ್ಲೋ ಕಳೆದುಹೋದವು. ಕಾರ್ಡ್ ಖಾಲಿ. ‘ಅಣ್ಣ, ಅಂಗಡಿಯಲ್ಲಿ ಹುಡುಗ ಮೂರು ಸಲ ಕಾರ್ಡ್ ಎಳೆದ. ಹಿಂದೆ ಸಾಲಿನಲ್ಲಿ ನಿಂತವರೆಲ್ಲ ನೋಡುತ್ತಿದ್ದರು. ಹಾಲು ಮಾತ್ರ ಇಟ್ಟುಕೊಂಡು ಉಳಿದದ್ದನ್ನೆಲ್ಲ ವಾಪಸು ಕೊಟ್ಟೆ’ ಎಂದಳು. ನಾನು ದೊಡ್ಡಸ್ತಿಕೆಯಲ್ಲಿ ಅವಳನ್ನು ಕರೆದುಕೊಂಡು ನಮ್ಮ ಕಾಂಗ್ರೆಸ್ ಸದಸ್ಯರ ಸ್ಥಳೀಯ ಕಚೇರಿಗೆ ಹೋದೆ. ರಜೆ ಹಾಕಿದ್ದಕ್ಕೆ ಅವಳ ಒಂದು ದಿನದ ಕೂಲಿ ಹೋಯಿತು. ಅಲ್ಲಿಯ ಹುಡುಗಿ ಬಹಳ ಸೌಜನ್ಯದಿಂದ ಬರೆದುಕೊಂಡಳು. ಹನ್ನೆರಡು ದಿನದ ನಂತರ ಫೋನ್ ಮಾಡಿ, ‘ಇದು ಕೌಂಟಿಯ ಕೆಲಸ, ನಮ್ಮ ಕೈಯಲ್ಲಿ ಏನೂ ಇಲ್ಲ, ರಾಜ್ಯದ ಶಾಸಕರನ್ನು ಕೇಳಿ’ ಎಂದಳು. ರಾಜ್ಯದ ಅಸೆಂಬ್ಲಿ ಸದಸ್ಯರ ಕಚೇರಿಗೆ ಫೋನ್ ಮಾಡಿದೆವು. ನಾಲ್ಕೇ ದಿನದಲ್ಲಿ ಕಡತ ಸಿಕ್ಕಿತು. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಹಾಕಿದವನು ನಾನು. ನೋವಾದದ್ದು ಮಾತ್ರ ಅವಳಿಗೆ.

ಆದ್ದರಿಂದ ಇದನ್ನು ಗೋಡೆಗೆ ಬರೆದಿಟ್ಟುಕೊಳ್ಳಿ. ಸ್ನ್ಯಾಪ್ ಕಾನೂನು ವಾಷಿಂಗ್ಟನ್ನಿನದು. ಯಾರಿಗೆ ಕೊಡಬೇಕು, ಎಷ್ಟು ಕೊಡಬೇಕು, ಯಾರು ಕೆಲಸ ತೋರಿಸಬೇಕು ಎಂಬುದೆಲ್ಲ ಅಲ್ಲಿ ತೀರ್ಮಾನವಾಗುತ್ತದೆ. ಅರ್ಜಿ ತೆಗೆದುಕೊಳ್ಳುವುದು, ಸಂದರ್ಶನ ಮಾಡುವುದು, ಕಾರ್ಡ್ ಕೊಡುವುದು ರಾಜ್ಯದ ಕೆಲಸ. ನ್ಯೂಜೆರ್ಸಿಯಂಥ ಕಡೆ ಅದೂ ಕೌಂಟಿಯ ಕೈಯಲ್ಲಿ. ಒಬ್ಬರ ಅರ್ಜಿ ಸಿಕ್ಕಿಕೊಂಡರೆ ರಾಜ್ಯದ ಶಾಸಕರು. ಕಾನೂನು ಬದಲಾಗಬೇಕಾದರೆ ಕಾಂಗ್ರೆಸ್. ಪಾಸ್‌ಪೋರ್ಟ್, ವಲಸೆ, ಸೋಷಿಯಲ್ ಸೆಕ್ಯುರಿಟಿ ಕಡತಗಳಿಗೆ ಕಾಂಗ್ರೆಸ್ ಸದಸ್ಯರ ಕಚೇರಿಯವರು ನಿಜಕ್ಕೂ ಓಡಾಡುತ್ತಾರೆ. ನಾವು ಮೋಸಹೋಗುವುದು ಅದನ್ನು ನೋಡಿಯೇ. ಇನ್ನೊಂದು ಮಾತು: ಅರ್ಜಿಯ ತೀರ್ಮಾನ ಮೂವತ್ತು ದಿನದೊಳಗೆ ಆಗಬೇಕು, ಕೈಯಲ್ಲಿ ಕಾಸೇ ಇಲ್ಲದವರಿಗೆ ಏಳು ದಿನದೊಳಗೆ. ತಿರಸ್ಕರಿಸಿದರೆ ತೊಂಬತ್ತು ದಿನದೊಳಗೆ ಮೇಲ್ಮನವಿ ವಿಚಾರಣೆ ಕೇಳುವ ಹಕ್ಕಿದೆ. ಅದಕ್ಕೆ ಯಾವ ಶಾಸಕರೂ ಬೇಕಿಲ್ಲ.

ಸರಿಯಾದ ಬಾಗಿಲು ಸಿಕ್ಕಿದ ಮೇಲೂ ತಪ್ಪು ಮನೆಗೆ ಹೋಗುವ ಅವಕಾಶ ಇದ್ದೇ ಇದೆ. ನಾನು ನನ್ನ ಪತ್ರವನ್ನು ಕೃಷಿ ಸಮಿತಿಯ ಹಿರಿಯ ಸದಸ್ಯರೊಬ್ಬರಿಗೂ ಕಳಿಸಿದ್ದೆ, ಏಕೆಂದರೆ ಸ್ನ್ಯಾಪ್ ಬರುವುದು ಕೃಷಿ ಮಸೂದೆಯ ಅಡಿಯಲ್ಲಿ. ಅವರು ಬೇರೆ ರಾಜ್ಯದವರು. ಅಲ್ಲಿ ನನ್ನ ಮಾತು ಲೆಕ್ಕಕ್ಕೇ ಬರುವುದಿಲ್ಲ. ಇಲ್ಲಿಯ ಕಚೇರಿಗಳು ಮೊದಲು ಕೇಳುವುದು ನಿಮ್ಮ ಜಿಪ್ ಕೋಡ್, ಅಂದರೆ ಊರಿನ ಪಿನ್ ಕೋಡ್ ಇದ್ದ ಹಾಗೆ. ಅದು ಅವರ ಕ್ಷೇತ್ರದ್ದಾದರೆ ಪಟ್ಟಿಯಲ್ಲಿ ಪರ ಅಥವಾ ವಿರೋಧ ಎಂದು ಒಂದು ಗೆರೆ ಬೀಳುತ್ತದೆ, ಇಲ್ಲವಾದರೆ ಧನ್ಯವಾದ. ನಿಮಗೆ ಇರುವುದು ಒಬ್ಬ ಕೆಳಮನೆ ಸದಸ್ಯರು, ಇಬ್ಬರು ಸೆನೆಟರ್‌ಗಳು, ಅಷ್ಟೇ. 202-224-3121ಕ್ಕೆ ಫೋನ್ ಮಾಡಿ ನಿಮ್ಮ ಸದಸ್ಯರ ಹೆಸರು ಹೇಳಿದರೆ ಅವರ ಕಚೇರಿಗೆ ಜೋಡಿಸುತ್ತಾರೆ. ಎತ್ತುವವರು ಇಪ್ಪತ್ತೆರಡು ವರ್ಷದ ಹುಡುಗ ಹುಡುಗಿಯರು. ಅವರಿಗೆ ಭಾಷಣ ಬೇಡ. ಹೆಸರು, ಊರು, ಜಿಪ್ ಕೋಡ್, ಮಸೂದೆಯ ಸಂಖ್ಯೆ, ಏನು ಮಾಡಬೇಕು ಎಂಬ ಒಂದು ವಾಕ್ಯ. ಒಂದು ನಿಮಿಷ ಸಾಕು.

ನಿಮ್ಮ ಸದಸ್ಯರು ಮೊದಲೇ ನಿಮ್ಮ ಪರ ಇದ್ದರೆ? ನನ್ನ ಮೂವರೂ ಹಾಗೆಯೇ. ಆಗ ಊರೂರಿನ ಬಳಗವನ್ನು ಎಬ್ಬಿಸಿ. ಟೆಕ್ಸಾಸಿನ ಭಾವಮೈದುನ, ಪೆನ್ಸಿಲ್ವೇನಿಯಾದ ಸಹಪಾಠಿ, ಓಹಾಯೊದ ಚಿಕ್ಕಮ್ಮನ ಮಗಳು. ಸ್ನ್ಯಾಪ್‌ಗೆ ಕತ್ತರಿ ಹಾಕಿದ ಆ ಮಸೂದೆ 2025ರ ಮೇ 22ರಂದು ಕೆಳಮನೆಯಲ್ಲಿ ಮೊದಲ ಸಲ ಗೆದ್ದದ್ದು 215–214ರಿಂದ. ಒಂದೇ ಒಂದು ಮತ. ಮದುವೆ ಕರೆಯೋಲೆಗೆ ಇನ್ನೂರು ಜನರಿಗೆ ಫೋನ್ ಮಾಡುವ ನಾವು ಇದಕ್ಕೆ ಹತ್ತು ಜನರಿಗೆ ಮಾಡಲಾರೆವೇ?

ನಾಗರಿಕರಲ್ಲದವರು ಮಾತಾಡಬಹುದೇ ಎಂದು ಹುಡುಗರು ಕೇಳುತ್ತಾರೆ. ಮಾತಾಡಬಹುದು. ಸರ್ಕಾರಕ್ಕೆ ಅಹವಾಲು ಹೇಳುವ ಹಕ್ಕನ್ನು ಸಂವಿಧಾನದ ಮೊದಲ ತಿದ್ದುಪಡಿ ಕೊಟ್ಟಿರುವುದು ‘ಜನರಿಗೆ’. ಆದರೆ ಎರಡು ಕಡೆ ಎಚ್ಚರ. ಗ್ರೀನ್ ಕಾರ್ಡ್ ಇಲ್ಲದವರು ಯಾವ ಅಭ್ಯರ್ಥಿಗೂ ಐದು ಡಾಲರ್ ಚಂದಾ ಕೂಡ ಕೊಡಬಾರದು, ಅದು ಕಾನೂನುಬಾಹಿರ. ಇನ್ನೊಂದು, 1993ರ ಕಾನೂನಿನ ಪ್ರಕಾರ ಸ್ನ್ಯಾಪ್ ಕಚೇರಿಯಲ್ಲೂ ವಾಹನ ಪರವಾನಗಿ ಕಚೇರಿಯಲ್ಲೂ ಮತದಾರರ ನೋಂದಣಿ ಅರ್ಜಿಯನ್ನು ಮುಂದಿಡುತ್ತಾರೆ. ಗ್ರೀನ್ ಕಾರ್ಡ್ ಇದ್ದವರೂ ಅದಕ್ಕೆ ಸಹಿ ಹಾಕಬೇಡಿ. ಗಡಿಬಿಡಿಯಲ್ಲಿ ಹಾಕಿದ ಒಂದು ಸಹಿ ಗಡೀಪಾರಿನವರೆಗೆ ಒಯ್ಯಬಲ್ಲದು.

ನೆರವು ಪಡೆದರೆ ಮುಂದೆ ಗ್ರೀನ್ ಕಾರ್ಡಿಗೆ ಕುತ್ತು ಎಂಬ ಭಯದ ಬಗ್ಗೆಯೂ ಒಂದು ಮಾತು. 2022ರ ನಿಯಮದಲ್ಲಿ ಸ್ನ್ಯಾಪ್ ಆಗಲಿ, ಬಸುರಿ ಬಾಣಂತಿಯರ ಆಹಾರ ಯೋಜನೆಯಾದ ವಿಕ್ ಆಗಲಿ, ಶಾಲೆಯ ಊಟವಾಗಲಿ ಲೆಕ್ಕಕ್ಕಿಲ್ಲ. ಆದರೆ ಆ ನಿಯಮವನ್ನೇ ತೆಗೆದುಹಾಕುವ ಪ್ರಸ್ತಾಪವನ್ನು ಸರ್ಕಾರ 2025ರ ನವೆಂಬರಿನಲ್ಲಿ ಮುಂದಿಟ್ಟಿತು. ವಾಟ್ಸ್ಆ್ಯಪ್ ಗುಂಪಿನ ಪಂಡಿತರನ್ನು ಕೇಳಬೇಡಿ, ವಲಸೆ ವಕೀಲರನ್ನು ಕೇಳಿ.

ಏನು ಕೇಳಬೇಕು ಎಂಬುದಕ್ಕೆ ಬರೋಣ. ‘ಬಡವರಿಗೆ ಒಳ್ಳೆಯದು ಮಾಡಿ’ ಎಂದರೆ ಫೋನ್ ಎತ್ತಿದ ಆ ಹುಡುಗ ಏನೆಂದು ಬರೆದುಕೊಳ್ಳಬೇಕು? 2025ರ ಜುಲೈನಲ್ಲಿ ಸಹಿಯಾದ ಹೊಸ ಕಾನೂನು ಕೆಲಸದ ಷರತ್ತನ್ನು 64ರ ವಯಸ್ಸಿನವರೆಗೆ ಎಳೆದಿದೆ. ಮಗುವಿಗೆ ಹದಿನಾಲ್ಕು ತುಂಬಿದರೆ ಅದರ ತಂದೆತಾಯಿಗೂ ಅದು ಅನ್ವಯ. ತಿಂಗಳಿಗೆ 80 ಗಂಟೆ ತೋರಿಸದಿದ್ದರೆ ಮೂರು ವರ್ಷದಲ್ಲಿ ಮೂರು ತಿಂಗಳು ಮಾತ್ರ ನೆರವು. ಗೋದಾಮಿನವರು ಒಂದು ವಾರ 40 ಗಂಟೆ ಕೊಟ್ಟು ಮುಂದಿನ ವಾರ 9 ಗಂಟೆ ಕೊಟ್ಟರೆ ಅವಳು ಏನು ಮಾಡಬೇಕು? ಈ ಷರತ್ತನ್ನು ಸಡಿಲಿಸಿ ಎಂದು ಕೇಳಬಹುದು. ನಿರಾಶ್ರಿತರನ್ನು, ಆಶ್ರಯ ಪಡೆದವರನ್ನು ಅದೇ ಕಾನೂನು ಪಟ್ಟಿಯಿಂದ ಕೈಬಿಟ್ಟಿದೆ, ಅವರನ್ನು ಮರಳಿ ಸೇರಿಸಿ ಎನ್ನಬಹುದು. ಕಾರ್ಡಿನ ಹಣವನ್ನು ಕಳ್ಳ ಯಂತ್ರದಿಂದ ದೋಚಿದರೆ ಕೇಂದ್ರದ ದುಡ್ಡಿನಲ್ಲಿ ತುಂಬಿಕೊಡುವ ಅವಕಾಶ 2024ರ ಡಿಸೆಂಬರ್ 20ಕ್ಕೆ ಮುಗಿಯಿತು, ಅದನ್ನು ಮತ್ತೆ ತನ್ನಿ ಎನ್ನಬಹುದು. ಕಾಫಿಗೆ ಉಜ್ಜುವ ಕ್ರೆಡಿಟ್ ಕಾರ್ಡಿಗೆ ಚಿಪ್ ಇದೆ, ಹೆಚ್ಚಿನ ರಾಜ್ಯಗಳಲ್ಲಿ ಬಡವರ ಹಾಲಿನ ಕಾರ್ಡಿಗೆ ಇನ್ನೂ ಇಲ್ಲ!

ರಾಜ್ಯದವರನ್ನು ಮರೆಯಬೇಡಿ. ನಾವು ಮರೆಯುವುದೇ ಅವರನ್ನು. 2026ರ ಅಕ್ಟೋಬರಿನಿಂದ ಯೋಜನೆ ನಡೆಸುವ ಖರ್ಚಿನಲ್ಲಿ ರಾಜ್ಯದ ಪಾಲು ಅರ್ಧದಿಂದ ಮುಕ್ಕಾಲಿಗೆ ಏರುತ್ತದೆ. 2027ರ ಅಕ್ಟೋಬರಿನಿಂದ, ಲೆಕ್ಕದ ತಪ್ಪು ಶೇ 6 ಮುಟ್ಟಿದ ರಾಜ್ಯಗಳು ನೆರವಿನ ಹಣದಲ್ಲೇ ಶೇ 5ರಿಂದ 15ರವರೆಗೆ ಹೊರಬೇಕು. ದೇಶದ ಸರಾಸರಿ ತಪ್ಪು 2024ರಲ್ಲಿ ಶೇ 10.93. ಇದು ಕಳ್ಳತನದ ಲೆಕ್ಕವಲ್ಲ, ಕಡಿಮೆ ಕೊಟ್ಟದ್ದು, ಗುಮಾಸ್ತರು ತಪ್ಪಾಗಿ ಬರೆದದ್ದು ಎಲ್ಲ ಇದರಲ್ಲಿ ಸೇರಿದೆ. ರಾಜ್ಯದವರು ಕೈಚೆಲ್ಲಿದರೆ ಕಾರ್ಡ್ ಖಾಲಿಯಾಗುತ್ತದೆ. ಅವರು ಮನಸ್ಸು ಮಾಡಿದರೆ ಏನಾಗುತ್ತದೆ ಎಂಬುದಕ್ಕೂ ಉದಾಹರಣೆ ಇಲ್ಲಿಯೇ ಇದೆ: ಕೇಂದ್ರದ ಕನಿಷ್ಠ ಮೊತ್ತ ತಿಂಗಳಿಗೆ 23 ಡಾಲರ್ ಇದ್ದಾಗಲೇ, 2023ರಲ್ಲಿ ನ್ಯೂಜೆರ್ಸಿ ತನ್ನ ಕೈಯಿಂದ ಸೇರಿಸಿ ಅದನ್ನು 95ಕ್ಕೆ ಏರಿಸಿತು. ಒಂಟಿ ಮುದುಕಿಗೆ ಅದು ಎರಡು ವಾರದ ದಿನಸಿ.

ಊರಿನ ಪಡಿತರ, ಇಲ್ಲಿಯ ಸ್ನ್ಯಾಪ್, ಇವೆರಡರಲ್ಲಿ ಯಾವ ವ್ಯವಸ್ಥೆ ಮೇಲು ಎಂದು ಕೇಳಿದರೆ ನನ್ನ ಅಭಿಪ್ರಾಯ ಇಷ್ಟು. ಬೇಕಾದದ್ದನ್ನು ಆರಿಸಿಕೊಳ್ಳುವ ಮರ್ಯಾದೆ ಇಲ್ಲಿಯದು ಹೆಚ್ಚು, ನ್ಯಾಯಬೆಲೆ ಅಂಗಡಿಯಲ್ಲಿ ಕೊಟ್ಟದ್ದನ್ನು ಚೀಲಕ್ಕೆ ಹಾಕಿಕೊಂಡು ಬರಬೇಕು. ಬೆರಳಚ್ಚು ಹೊಂದಲಿಲ್ಲ, ಸರ್ವರ್ ಇಲ್ಲ ಎಂದು ಮುದುಕರನ್ನು ವಾಪಸು ಕಳಿಸುವುದನ್ನು ನಾನೇ ನೋಡಿದ್ದೇನೆ. ಆದರೆ 2013ರ ಆಹಾರ ಭದ್ರತಾ ಕಾಯ್ದೆ ಹಳ್ಳಿಯ ಮುಕ್ಕಾಲು ಪಾಲು, ಪೇಟೆಯ ಅರ್ಧ ಪಾಲು ಜನರನ್ನು ಒಳಗೆ ತರುತ್ತದೆ. ಅಷ್ಟು ಜನರಿಗೆ ಸಿಗುವಾಗ ಅಕ್ಕಿಗೆ ನಿಂತವರನ್ನು ಯಾರೂ ಕೀಳಾಗಿ ನೋಡುವುದಿಲ್ಲ. ಅನ್ನಭಾಗ್ಯವನ್ನು ನಿಲ್ಲಿಸುತ್ತೇನೆಂದು ಹೇಳಿ ಓಟು ಕೇಳುವ ಧೈರ್ಯ ಕರ್ನಾಟಕದಲ್ಲಿ ಯಾವ ಪಕ್ಷಕ್ಕಿದೆ? ಇಲ್ಲಿ ಕತ್ತರಿ ಹಾಕಿಯೂ ಗೆಲ್ಲಬಹುದು. 2025ರ ಅಕ್ಟೋಬರ್ 1ರಿಂದ 43 ದಿನ, ಖರ್ಚಿಗೆ ಕಾಂಗ್ರೆಸ್ಸಿನ ಒಪ್ಪಿಗೆ ಸಿಗದೆ ಸರ್ಕಾರ ಬಾಗಿಲು ಹಾಕಿದಾಗ ನವೆಂಬರ್ ಹಣ ಸಮಯಕ್ಕೆ ಬೀಳಲಿಲ್ಲ. ನಮ್ಮ ಕೂಟದಿಂದ ನಲವತ್ತು ಚೀಲ ಅಕ್ಕಿ ಕೊಟ್ಟು ಫೋಟೊ ತೆಗೆಸಿಕೊಂಡೆವು. ಅಕ್ಕಿ ಕೊಟ್ಟದ್ದು ಸರಿಯೇ. ಆದರೆ ಫುಡ್ ಬ್ಯಾಂಕ್‌ಗಳ ಒಕ್ಕೂಟವಾದ ಫೀಡಿಂಗ್ ಅಮೆರಿಕವೇ ಹೇಳುವ ಲೆಕ್ಕದಲ್ಲಿ, ಅವರು ಒಂದು ಊಟ ಕೊಡುವ ಕಡೆ ಸ್ನ್ಯಾಪ್ ಒಂಬತ್ತು ಕೊಡುತ್ತದೆ.

‘ಕೂಟದಲ್ಲಿ ರಾಜಕೀಯ ಬೇಡ’ ಎನ್ನುವ ಖಜಾಂಚಿಗಳಿಗೆ: ತೆರಿಗೆ ವಿನಾಯಿತಿ ಪಡೆದ ಸಂಸ್ಥೆ ಅಭ್ಯರ್ಥಿಯ ಪರ ಪ್ರಚಾರ ಮಾಡುವಂತಿಲ್ಲ. ಮಸೂದೆಯ ಬಗ್ಗೆ ಮಿತಿಯೊಳಗೆ ಮಾತಾಡಲು ಅಡ್ಡಿಯಿಲ್ಲ.

ನ್ಯೂಜೆರ್ಸಿಯ ಆಯವ್ಯಯಕ್ಕೆ ಜೂನ್ 30ರೊಳಗೆ ಸಹಿಯಾಗಬೇಕು, ಸಾರ್ವಜನಿಕ ವಿಚಾರಣೆ ನಡೆಯುವುದು ವಸಂತದಲ್ಲಿ. ಮೊದಲೇ ಹೆಸರು ಕೊಟ್ಟರೆ ಎರಡು ಮೂರು ನಿಮಿಷ ಮಾತಾಡಲು ಬಿಡುತ್ತಾರೆ. ಈ ಸಲ ಆ ದಾವಣಗೆರೆ ಕಡೆಯ ಹೆಣ್ಣುಮಗಳೂ ಬರುತ್ತಾಳಂತೆ. ಶನಿವಾರ ಇದ್ದರೆ ರಜೆ ಹಾಕಬೇಕಿಲ್ಲ ಎಂದಳು. ಶನಿವಾರ ಇರುವುದಿಲ್ಲ ಎಂದು ಹೇಳಬೇಕಾಯಿತು. ಆ ದಿನದ ಕೂಲಿಯನ್ನು ಕೂಟದಿಂದ ಕೊಡೋಣವೇ ಎಂದು ಮುಂದಿನ ಸಭೆಯಲ್ಲಿ ಕೇಳಬೇಕೆಂದಿದ್ದೇನೆ.