ಬಾಡಿಗೆಯವರನ್ನು ಬಿಡಿಸದೆ ಆರು ಮನೆ ರಿಪೇರಿ ಮಾಡಿದ್ದು

"ಮಂದಿನ ಒಳಗಿಟ್ಕೊಂಡು ಸಂಕ್ ಒಡಿತಿಯಾ? ತಲಿ ಕೆಟ್ಟದೇನೋ ನಿಂದು?"

ನನಗೆ ಕರಣೆ ಹಿಡಿಯೋದು ಕಲಿಸಿದ ಯಾದಗಿರಿ ಕಡೆಯ ಮೇಸ್ತ್ರಿಯೇ ಹೀಗೆ ಕೇಳಿದ್ದರು. ಸಂಕ್ ಅಂದರೆ ಪೈಪ್ ಹಾಯಿಸಲು ಬಾತ್‌ರೂಂ ನೆಲದಡಿ ತಗ್ಗಾಗಿ ಬಿಡುವ ಗುಂಡಿ. ಪ್ಲಂಬರ್ ನಕ್ಕುಬಿಟ್ಟ. ಟೈಲ್ಸ್ ಹಾಕುವ ಹುಡುಗ ಅಡ್ವಾನ್ಸ್ ಮುಟ್ಟಲೇ ಇಲ್ಲ. ಆ ಕಟ್ಟಡ ಮುಗಿದು ಈಗ ಒಂದು ಪೂರ್ತಿ ಮಳೆಗಾಲ ಕಳೆದಿದೆ. ಸೀಲಿಂಗಿನಲ್ಲಿ ಒಂದು ತೇವದ ಕಲೆ ಇಲ್ಲ. ಒಂದು ಸಂಸಾರವೂ ಮನೆ ಬಿಟ್ಟು ಹೋಗಲಿಲ್ಲ. ಅದಕ್ಕೇ ಬರೀತಿದ್ದೇನೆ.

ಬೆಂಗಳೂರಿನ ಲಗ್ಗೆರೆ, ರಾಜಗೋಪಾಲನಗರ, ಚೊಕ್ಕಸಂದ್ರ ಕಡೆಯ ಬಾಡಿಗೆ ಕಟ್ಟಡಗಳು ಗೊತ್ತಲ್ವಾ. 20-30 ಸೈಟು, ಮೂರು ಅಂತಸ್ತು, ಅಂತಸ್ತಿಗೆ ಎರಡು ಮನೆ. ಒಂದೊಂದು ಮನೆ ಎರಡೂವರೆ ಚದರ (250 ಚದರ ಅಡಿ) ಇದ್ದರೆ ಹೆಚ್ಚು. ನಾನು ಮಾಡಿದ್ದು ಲಗ್ಗೆರೆಯ ಅಂಥದ್ದೇ ಒಂದು ಕಟ್ಟಡ. ಪೀಣ್ಯದ ಫ್ಯಾಕ್ಟರಿಯಲ್ಲಿ ದುಡಿದು ರಿಟೈರ್ ಆದ ಯಜಮಾನರು 2000ದ ಆಸುಪಾಸಿನಲ್ಲಿ ಕಟ್ಟಿಸಿದ್ದು. ಮೇಲೆ ಒಂದು ಕಡೆ ಕಲಬುರಗಿಯ ಸಂಸಾರ, ಇನ್ನೊಂದು ಕಡೆ ಒಡಿಶಾದ ನಾಲ್ಕು ಹುಡುಗರು. ನಡುವಿನ ಅಂತಸ್ತಿನಲ್ಲಿ ಧರ್ಮಪುರಿಯ ತಮಿಳರು, ಅವರ ಎದುರಿಗೆ ಉರ್ದು ಮಾತಾಡುವ ಟೈಲರ್ ಮನೆ. ಕೆಳಗೆ ಅನಂತಪುರದವರು. ಅವರ ಪಕ್ಕದ ಮನೆ ಆಗಷ್ಟೇ ಖಾಲಿಯಾಗುವುದರಲ್ಲಿತ್ತು.

ಬಾತ್‌ರೂಂ ಆರಕ್ಕೆ ಆರೂ ಸೋರುತ್ತಿದ್ದವು. ತಮಿಳರ ಅಡುಗೆಮನೆ ಸೀಲಿಂಗಿನಲ್ಲಿ ಕಬ್ಬಿಣ ಕಾಣುತ್ತಿತ್ತು. ಅಕ್ಕ ಒಲೆ ಮೇಲೆ ಒಂದು ಮುಚ್ಚಳ ಹಿಡಿದುಕೊಂಡೇ ಸಾರು ಕುದಿಸುತ್ತಿದ್ದರು, ಗಾರೆ ಉದುರುತ್ತದೆ ಅಂತ. ಅದನ್ನು ನೋಡಿದ ದಿನವೇ ಈ ಕೆಲಸ ಬಿಡಬಾರದು ಅನ್ನಿಸಿತು.

ಎಲ್ಲರನ್ನೂ ಖಾಲಿ ಮಾಡಿಸಿ ಶುರು ಮಾಡೋಣ ಅಂದರೆ ಲೆಕ್ಕ ನೋಡಿ. ಬಾಡಿಗೆ ಮನೆ ನಾಲ್ಕು, ಒಂದೊಂದಕ್ಕೆ 50 ಸಾವಿರ ಅಡ್ವಾನ್ಸ್ ವಾಪಸ್ ಕೊಡಬೇಕು. ತಮಿಳರದ್ದು ಭೋಗ್ಯ, ಅಂದರೆ ತಿಂಗಳ ಬಾಡಿಗೆ ಬದಲು ಒಟ್ಟಿಗೆ ಕೊಟ್ಟ ದುಡ್ಡು, ಬಿಡುವಾಗ ಪೂರ್ತಿ ವಾಪಸ್, 5 ಲಕ್ಷ. ಒಂದು ಇಟ್ಟಿಗೆ ಕೀಳುವ ಮುಂಚೆ 7 ಲಕ್ಷ ಕೈಯಲ್ಲಿರಬೇಕು. ನನ್ನ ಪೂರ್ತಿ ಎಸ್ಟಿಮೇಟೇ 7 ಲಕ್ಷ 90 ಸಾವಿರ. ಭೋಗ್ಯದ ದುಡ್ಡು ಮಗಳ ಮದುವೆಗೆ ಯಾವತ್ತೋ ಖರ್ಚಾಗಿತ್ತು. ಈ ಏರಿಯಾದ ಕಟ್ಟಡಗಳು ಸೋರುತ್ತಾ ನಿಂತಿರುವುದು ಸಿಮೆಂಟಿಗೆ ದುಡ್ಡಿಲ್ಲದೆ ಅಲ್ಲ, ಅಡ್ವಾನ್ಸ್ ವಾಪಸ್ ಕೊಡಲು ದುಡ್ಡಿಲ್ಲದೆ.

ಇದು ನನಗೆ ಗೊತ್ತಾಗಿದ್ದು ಸುಮ್ನೆ ಅಲ್ಲ. 2018ರಲ್ಲಿ ಸುಂಕದಕಟ್ಟೆಯಲ್ಲಿ ಒಂದು ಕಟ್ಟಡ ಪೂರ್ತಿ ಖಾಲಿ ಮಾಡಿಸಿ ಒಡೆದಿದ್ದೆ. ಅಡ್ವಾನ್ಸ್ ವಾಪಸ್ ಕೊಟ್ಟು ಮುಗಿಸುವಷ್ಟರಲ್ಲಿ ಓನರ್ ಕೈ ಬರಿದಾಯ್ತು. ಬಾಡಿಗೆಯೂ ಇಲ್ಲ. ಕೆಲಸ ಅರ್ಧಕ್ಕೆ ನಿಂತಿತು. ನನಗೆ ಬರಬೇಕಿದ್ದದ್ದು 1 ಲಕ್ಷ 70 ಸಾವಿರ, ಬಂದದ್ದು ಅರವತ್ತೋ ಏನೋ. ಶನಿವಾರದ ಬಟವಾಡೆಗೆ ಹೆಂಡತಿಯ ಬಳೆ ಅಡ ಇಟ್ಟೆ. ಆಮೇಲೆ 2019ರಲ್ಲಿ ಒಡೆಯುವುದೇ ಬೇಡ ಅಂತ ಟೈಲ್ಸ್ ಮೇಲೆ ಕೆಮಿಕಲ್ ಕೋಟಿಂಗ್ ಹೊಡೆದೆ. ಮೂರು ಬಾತ್‌ರೂಂಗೆ 38 ಸಾವಿರ. ಏಳೇ ತಿಂಗಳು, ಪೊರೆ ಬಿಟ್ಟ ಹಾಗೆ ಎದ್ದುಬಂತು. ನನ್ನ ಖರ್ಚಿನಲ್ಲೇ ಒಡೆದು ಮಾಡಿಕೊಟ್ಟೆ. 2021ರಲ್ಲಿ ಜನ ಇರುವಾಗಲೇ ಮಾಡಿದೆ, ಪಕ್ಕದ ಮನೆ ಬಾತ್‌ರೂಂ ಬಳಸಿ ಅಂತ ಹೇಳಿ. ರಾತ್ರಿ ಯಾರೋ ಹೊಸ ಟೈಲ್ಸ್ ಮೇಲೆ ಬಕೆಟ್ ಇಟ್ಟು ಸ್ನಾನ ಮಾಡಿದ್ದರು. ಒಂದು ತಿಂಗಳಿಗೆ ತಟ್ಟಿದರೆ ಟೊಳ್ಳು ಶಬ್ದ.

ಆಗ ಹೊಳೆದದ್ದು ಖಾಲಿ ಮನೆ. ಕಟ್ಟಡದಲ್ಲಿ ಒಂದು ಮನೆ ಖಾಲಿ ಇಟ್ಟುಕೊಳ್ಳಬೇಕು. ಒಂದು ಸಂಸಾರವನ್ನು ಅಲ್ಲಿಗೆ ಕಳಿಸಿ ಅವರ ಮನೆ ಮಾಡಬೇಕು. ಅವರು ವಾಪಸ್ ಹೋದರೆ ಮುಂದಿನವರು ಬರಬೇಕು. ನಮ್ಮ ಹುಡುಗರು ಇದಕ್ಕೆ ಚೌಕಾಬಾರ ಅಂತ ಹೆಸರಿಟ್ಟಿದ್ದಾರೆ. ಕಾಯಿ ಮನೆಯಿಂದ ಮನೆಗೆ ನಡೆಯುತ್ತದಲ್ಲ, ಹಾಗೆ.

ಅದೂ ಮೊದಲ ಸಲ ಕೈಕೊಟ್ಟಿತು. 2022ರಲ್ಲಿ ರಾಜಗೋಪಾಲನಗರದಲ್ಲಿ ಖಾಲಿ ಮನೆಯನ್ನೇ ಮೊದಲು ಹೊಸದಾಗಿ ಮಾಡಿ, ಸುಣ್ಣ ಬಣ್ಣ ಹೊಡೆದು, ಒಂದು ಸಂಸಾರವನ್ನು ಕಳಿಸಿದೆ. ಅವರು ವಾಪಸ್ ಹೋಗಲಿಲ್ಲ! "ಇದೇ ನಮಗಿರಲಿ ಅಣ್ಣ" ಅಂದರು. ಆಟ ಎರಡನೇ ಮನೆಯಲ್ಲೇ ನಿಂತಿತು. ಲಗ್ಗೆರೆಯಲ್ಲಿ ಅದನ್ನೇ ತಿರುಗಿಸಿ ಹಾಕಿದೆ. ಖಾಲಿ ಮನೆಗೆ ಕೊನೆಯವರೆಗೂ ಕೈ ಹಚ್ಚಲಿಲ್ಲ. ನಲ್ಲಿ, ಲೈಟು, ಫ್ಯಾನು ಕೆಲಸ ಮಾಡಬೇಕು, ಅಷ್ಟೇ. ಹಾಸಿಗೆ, ಒಲೆ, ಸಿಲಿಂಡರ್, ಮಕ್ಕಳ ಪುಸ್ತಕ ಮಾತ್ರ ಕೆಳಗೆ ಬರುತ್ತವೆ. ಬೀರು, ಮಂಚ ಅಲ್ಲೇ ಹಾಲ್ ನಡುವೆ ಪ್ಲಾಸ್ಟಿಕ್ ಸುತ್ತಿಕೊಂಡು ಇರುತ್ತವೆ. ತಮ್ಮ ಮನೆಯ ಹೊಸ ಬಾತ್‌ರೂಂ ನೋಡಿದ ದಿನ ಎಲ್ಲರೂ ಓಡಿ ವಾಪಸ್ ಹೋದರು.

ಶುರು ಆಗಬೇಕಿದ್ದದ್ದು 2024ರ ಮಾರ್ಚ್‌ನಲ್ಲಿ. ಆ ಬೇಸಿಗೆ ನೆನಪಿದೆಯಲ್ಲ? ಬೋರ್‌ವೆಲ್ ಒಣಗಿ, ಕುಡಿಯುವ ನೀರನ್ನು ಕಟ್ಟಡ ಕೆಲಸಕ್ಕೆ ಬಳಸಿದರೆ 5000 ರೂಪಾಯಿ ದಂಡ ಅಂತ ಜಲಮಂಡಳಿ ಆದೇಶ ಬಂತು. ಟ್ಯಾಂಕರ್ ಕೇಳಿದರೆ ರೇಟು ತಲೆ ಮೇಲೆ ಹೋಗಿತ್ತು. ಮುಂದಕ್ಕೆ ಹಾಕಿದೆ. ಅದೇ ಒಳ್ಳೇದಾಯ್ತು. ಜೂನ್ ಕೊನೆಗೆ ಕೆಳಗಿನ ಮನೆ ಖಾಲಿಯಾಯ್ತು, ಹಿಂದೆಯೇ ಆಷಾಢ. ಆಷಾಢದಲ್ಲಿ ಹೊಸ ಮನೆಯಲ್ಲಿ ಹಾಲು ಉಕ್ಕಿಸುವವರು ಯಾರೂ ಇರಲ್ಲ. ಆ ಮನೆ ಹೇಗೂ ಒಂದು ತಿಂಗಳು ಖಾಲಿ ಬಿದ್ದಿರುತ್ತಿತ್ತು. ಈ ಮಾತಿಗೇ ಯಜಮಾನರು ಒಪ್ಪಿದ್ದು.

ಮನೆಗೆ 14 ದಿನ ಅಂತ ಲೆಕ್ಕ ಹಾಕಿದ್ದೆ. ಮೇಲಿನಿಂದ ಕೆಳಗೆ ಬರಬೇಕು ಅನ್ನೋದು ಎಲ್ಲರಿಗೂ ಗೊತ್ತು, ಆದರೆ ಮೇಲಿನ ಎರಡರಲ್ಲಿ ಯಾವುದು ಮೊದಲು ಅನ್ನೋದರಲ್ಲಿ ಒಂದು ಉಪಾಯ ಇದೆ. ಅದು ನನ್ನ ಹತ್ತಿರವೇ ಇರಲಿ.

ಒಡೆದಾಗ ಸಂಕ್‌ನಲ್ಲಿ ಸಿಕ್ಕಿದ್ದು ಇಟ್ಟಿಗೆ ಚೂರು, ಮಣ್ಣು, ಒಂದು ಹವಾಯಿ ಚಪ್ಪಲಿ. ಎಲ್ಲಾ ಹಸಿ ಹಸಿ. ಇಪ್ಪತ್ತು ವರ್ಷದಿಂದ ನೀರು ಕುಡಿದು ಕೂತಿತ್ತು. ಹಳೇ ಜಿಐ (ಕಬ್ಬಿಣದ) ಪೈಪ್ ಕತ್ತರಿಸಿದರೆ ಬೋರ್ ನೀರಿನ ಉಪ್ಪು ಕಟ್ಟಿ ಒಳಗೆ ಪೆನ್ಸಿಲ್ ತೂರುವಷ್ಟೇ ಜಾಗ ಉಳಿದಿತ್ತು. ಪೂರ್ತಿ ಕಿತ್ತು ಸಿಪಿವಿಸಿ ಪ್ಲಾಸ್ಟಿಕ್ ಪೈಪ್ ಹಾಕಿದೆವು. ಸಂಕ್ ತೊಳೆದು, ಮೂಲೆಗಳಿಗೆ ಬೆರಳಿನಲ್ಲಿ ಗುಂಡಾಗಿ ಗಾರೆ ಒತ್ತಿ, ಎರಡು ಕೋಟಿಂಗ್ ಹೊಡೆದು, 48 ಗಂಟೆ ನೀರು ನಿಲ್ಲಿಸಿದೆವು. ಇಲ್ಲಿ ಆತುರ ಪಟ್ಟವರೇ ಹೆಚ್ಚು. ನಾನು ಗೋಡೆ ಮೇಲೆ ಸೀಮೆಸುಣ್ಣದಲ್ಲಿ ಗೀಟು ಎಳೆದು ಓನರ್‌ಗೂ ಕೆಳಗಿನವರಿಗೂ ತೋರಿಸುತ್ತೇನೆ. ಎರಡು ದಿನ ಆದ ಮೇಲೆ ನೀರು ಗೀಟಿನ ಹತ್ತಿರವೇ ಇದ್ದರೆ ಮುಂದಕ್ಕೆ.

ಇನ್ನೊಂದು, ಸಂಕ್‌ನ ತೀರಾ ತಗ್ಗಿನ ಜಾಗದಿಂದ ಹೊರಗೋಡೆಗೆ ಮುಕ್ಕಾಲು ಇಂಚಿನ ಪೈಪ್ ಒಂದನ್ನು ಬಿಡುತ್ತೇನೆ. ಬಾಯಿಗೆ ಜಾಲರಿ, ಸುತ್ತ ಸಣ್ಣ ಜಲ್ಲಿ. ನಾಳೆ ಯಾವ ಜಾಯಿಂಟ್ ಸೋರಿದರೂ ಹನಿ ಹೊರಗೆ ಬೀಳುತ್ತದೆ, ಕೆಳಗಿನವರ ಸೀಲಿಂಗಿಗೆ ಇಳಿಯಲ್ಲ. ಇದು ಎಲ್ಲರಿಗೂ ಗೊತ್ತಿರುವ ಕೆಲಸ. 200 ರೂಪಾಯಿ ಖರ್ಚು. ಆದರೂ ನಾನು ಒಡೆದ ಹಳೇ ಸಂಕ್ ಒಂದರಲ್ಲೂ ಅದು ಕಂಡಿಲ್ಲ. ನಾನಿ ಟ್ರ್ಯಾಪ್ (ಬಾತ್‌ರೂಂ ನೆಲದ ನೀರು ಇಳಿಯುವ ಬಾಯಿ) ಸುತ್ತ ನಾನು ಏನು ತುಂಬುತ್ತೇನೆ ಅಂತ ತುಂಬಾ ಜನ ಕೇಳಿದ್ದಾರೆ. ಅದನ್ನು ಬರೆಯಲ್ಲ. ನಾಲ್ಕು ವರ್ಷ ತಲೆ ಕೆಡಿಸಿಕೊಂಡು ಕಂಡುಕೊಂಡದ್ದು.

ಕಷ್ಟ ಕೊಟ್ಟದ್ದು ಗಾರೆ ಕೆಲಸ ಅಲ್ಲ, ಜನರ ಟೈಮು. ಅನಂತಪುರದ ಅಣ್ಣ ನೈಟ್ ಶಿಫ್ಟ್. ಬೆಳಿಗ್ಗೆ ಏಳಕ್ಕೆ ಬಂದು ಮಧ್ಯಾಹ್ನ ಎರಡರವರೆಗೆ ಮಲಗಬೇಕು. ಒಡೆಯುವ ಮೆಷಿನ್, ಬ್ರೇಕರ್, ಹಚ್ಚಿದರೆ ಕಟ್ಟಡ ಪೂರ್ತಿ ನಡುಗುತ್ತದೆ. ಮೊದಲ ದಿನ ಕಣ್ಣು ಕೆಂಪಗೆ ಮಾಡಿಕೊಂಡು ಮೆಟ್ಟಿಲು ಹತ್ತಿ ಬಂದರು. ಜಗಳ ಆಡಲಿಲ್ಲ, ಸುಮ್ನೆ ಮೆಟ್ಟಿಲ ಮೇಲೆ ಕೂತುಬಿಟ್ಟರು. ಅವತ್ತಿನಿಂದ ಬೆಳಿಗ್ಗೆ ಹೊತ್ತು ಪ್ಲಂಬಿಂಗ್, ವೈರಿಂಗ್, ಬಣ್ಣ. ಬ್ರೇಕರ್ ಎರಡೂವರೆ ಮೇಲೆ. ಗಾರ್ಮೆಂಟ್ಸ್ ಹೆಂಗಸರು ಸಂಜೆ ಆರಕ್ಕೆ ಬರುವಷ್ಟರಲ್ಲಿ ಬಂದ್. ದಿನಕ್ಕೆ ಮೂರೂವರೆ ಗಂಟೆ ಒಡೆತ ಅಂದರೆ ಕೂಲಿ ಜಾಸ್ತಿ ಬೀಳುತ್ತದೆ. ಒಟ್ಟು 22 ಸಾವಿರದಷ್ಟು ಹೆಚ್ಚಾಯ್ತು ಅಂತ ನೆನಪು. ಆದರೆ ಅಣ್ಣ ಮನೆ ಬಿಡಲಿಲ್ಲ.

ಕರೆಂಟಿನದು ನನ್ನದೇ ತಪ್ಪು. ಮೇಲಿನ ಕಲಬುರಗಿ ಅಕ್ಕನ ಮನೆ ಪ್ಲಗ್‌ನಿಂದಲೇ ಬ್ರೇಕರ್, ಕಟ್ಟರ್ ಎಲ್ಲಾ ಓಡಿಸಿದೆ. ಅವರು ತಿಂಗಳಿಗೆ 60-70 ಯೂನಿಟ್ ಸುಡುವವರು, ಗೃಹಜ್ಯೋತಿಯಲ್ಲಿ ಸೊನ್ನೆ ಬಿಲ್ ಬರುತ್ತಿತ್ತು. ಆ ತಿಂಗಳು 200 ದಾಟಿಬಿಟ್ಟಿತು. ದಾಟಿದರೆ ಪೂರ್ತಿ ಬಿಲ್ ಕಟ್ಟಬೇಕಲ್ವಾ. ಅಕ್ಕ ಚೀಟಿ ಹಿಡಿದು ನಿಂತಿದ್ದರು, ಬಾಯಿಂದ ಮಾತೇ ಬರಲಿಲ್ಲ. ಅವತ್ತೇ ನಾನು ಕಟ್ಟಿದೆ. ಮಾರನೇ ದಿನ ನೀರಿನ ಮೋಟಾರ್ ಮೀಟರ್‌ನಿಂದ ಒಂದು ಉದ್ದದ ಕೇಬಲ್ ಎಳೆದು, ಅದರಿಂದ ಬಿಟ್ಟು ಬೇರೆ ಎಲ್ಲೂ ಮೆಷಿನ್ ಚುಚ್ಚಬಾರದು ಅಂತ ಹುಡುಗರಿಗೆ ಹೇಳಿದೆ.

ಕಕ್ಕಸಿನ ನಾಲ್ಕಿಂಚಿನ ಲೈನ್ ಬದಲಿಸುವ ದಿನ ಒಂದು ಪಕ್ಕದ ಮೂರೂ ಮನೆಗೆ ನೀರು ಬಿಡುವ ಹಾಗಿಲ್ಲ. ಈ ಮಾತನ್ನು ಐದು ಮನೆಗೆ ಐದು ಭಾಷೆಯಲ್ಲಿ ಹೇಳಬೇಕು. ನನ್ನ ಹರಕು ಹಿಂದಿಯಲ್ಲಿ ಆಗಲ್ಲ. ಟೈಲರ್ ಮನೆಯ ಆಪಾ ಹಿಂದಿನ ಸಂಜೆ ಮನೆ ಮನೆಗೆ ಹೋಗಿ ಕನ್ನಡ, ತಮಿಳು, ತೆಲುಗು, ಹಿಂದಿ ಎಲ್ಲದರಲ್ಲೂ ಹೇಳಿ ಬಂದರು. ಒಡಿಶಾದ ಹುಡುಗರಿಗಂತೂ ಸನ್ನೆ ಮಾಡಿಯೇ ತೋರಿಸಿದರು. ಬೆಳಿಗ್ಗೆ ಒಂಬತ್ತಕ್ಕೆ ಹಳೇ ಪೈಪ್ ಇಳಿಸಿ ಸಂಜೆ ಐದಕ್ಕೆ ಹೊಸದರಲ್ಲಿ ನೀರು ಬಿಟ್ಟೆವು. ಒಂದು ಚೊಂಬು ನೀರೂ ತಪ್ಪಿ ಬೀಳಲಿಲ್ಲ. ಆ ದಿನದ ಕೆಲಸ ನನ್ನ ಹೆಮ್ಮೆ.

ನಡುವೆ ಎರಡು ಪ್ರಯೋಗ ಮಾಡಿದೆ. ತಮಿಳರ ಅಡುಗೆಮನೆಗೆ ಯಾವ ಬಾತ್‌ರೂಂ ಸೋರುತ್ತಿದೆ ಅಂತ ತಿಳಿಯಲು, ಒಡೆಯುವ ಮುಂಚೆ ಮೇಲಿನ ಒಂದರಲ್ಲಿ ಬಟ್ಟೆಗೆ ಹಾಕುವ ನೀಲಿ, ಇನ್ನೊಂದರಲ್ಲಿ ಕುಂಕುಮ ಕಲಸಿ ನೀರು ನಿಲ್ಲಿಸಿದೆ. ಮೂರನೇ ದಿನ ನೀಲಿ ಬಂತು, ಅದೂ ನಾವು ಅಂದುಕೊಂಡ ಮೂಲೆಯಲ್ಲಿ ಅಲ್ಲ, ಐದಡಿ ಆಚೆ. ಕುಂಕುಮ ಕೆಳಗೆ ಬರಲೇ ಇಲ್ಲ, ಟೈಲ್ಸ್ ಸಂದಿಯಲ್ಲಿ ಮಾತ್ರ ಕೂತುಬಿಟ್ಟಿತು. ಇನ್ನೊಂದು, ಟೆರೇಸಿನಲ್ಲಿ ಹಳೇ ಕಾಲದ ಹಾಗೆ ಸುಣ್ಣ, ಬೆಲ್ಲ, ಅಳಲೆಕಾಯಿ ನೀರು ಕಲಸಿ ನಾಲ್ಕಡಿ ಜಾಗಕ್ಕೆ ಗಾರೆ ಹಾಕಿದೆ. ಅಳಲೆಕಾಯಿ ವಾರ ನೆನೆಸಿದ್ದೆ. ಎರಡು ದಿನ ಇರುವೆ ಸಾಲು. ಆಮೇಲೆ ಗಟ್ಟಿಯಾಯ್ತು, ಇವತ್ತಿಗೂ ಬಿರುಕು ಬಿಟ್ಟಿಲ್ಲ. ಆದರೆ ಬಡಿಯುವ ಕೂಲಿಯೇ ದುಬಾರಿ, ಪೂರ್ತಿ ಟೆರೇಸಿಗೆ ಆಗದ ಮಾತು. ಉಳಿದದ್ದಕ್ಕೆ ಮಾಮೂಲಿ ಕೋಬಾ (ಇಟ್ಟಿಗೆ ಚೂರು, ಗಾರೆಯ ಪದರ) ಹಾಕಿ ನೀರು ಹರಿಯುವ ವಾಟ ಸರಿ ಮಾಡಿದೆ.

84 ದಿನ ಅಂದದ್ದು 104 ದಿನ ಆಯ್ತು. ಗಣೇಶ ಹಬ್ಬಕ್ಕೆ ಊರಿಗೆ ಹೋದ ಹುಡುಗರು ಹತ್ತು ದಿನ ತಡವಾಗಿ ಬಂದರು. ಮುಗಿಸಿದ್ದು ಅಕ್ಟೋಬರ್ ನಡುವೆ, ಊರೆಲ್ಲಾ ಮುಳುಗಿಸಿದ ಆ ಮಳೆಯ ವಾರ. ರಾತ್ರಿ ಹತ್ತಕ್ಕೆ ಟಾರ್ಚ್ ಹಿಡಿದು ಹೋಗಿ ಆರೂ ಮನೆ ಸೀಲಿಂಗ್ ಕೈಯಲ್ಲಿ ಮುಟ್ಟಿ ನೋಡಿದೆ. ಒಣಗಿತ್ತು.

ಒಟ್ಟು ಖರ್ಚು 8 ಲಕ್ಷ 35 ಸಾವಿರದ ಹತ್ತಿರ. ಹೆಚ್ಚಾದದ್ದರಲ್ಲಿ ಅರ್ಧ ನಾನು ಹೊತ್ತೆ. ಯಜಮಾನರು ಕಳೆದುಕೊಂಡ ಬಾಡಿಗೆ ಒಂದೇ ಮನೆಯದು, ಮೂರೂವರೆ ತಿಂಗಳಿಗೆ 23 ಸಾವಿರ. ದುಡ್ಡು ಒಟ್ಟಿಗೆ ಕೇಳಲಿಲ್ಲ. ಒಂದು ಮನೆ ಮುಗಿದು, ಅದರ ಲೆಕ್ಕ ಚುಕ್ತಾ ಆದರೆ ಮಾತ್ರ ಮುಂದಿನ ಮನೆ ಬೀಗ ತೆಗೆಯುವುದು. ಅವರು ಎರಡು ಚೀಟಿ ಎತ್ತಿದರು, ಸೊಸೈಟಿಯಲ್ಲಿ ಸ್ವಲ್ಪ ಸಾಲ ಮಾಡಿದರು, ಉಳಿದದ್ದು ಬರುತ್ತಿದ್ದ ಬಾಡಿಗೆ. ನನಗೆ ಕೈಗೆ ಉಳಿದದ್ದು 75-80 ಸಾವಿರ. ದೊಡ್ಡದಲ್ಲ, ಆದರೆ ಒಂದು ಬಟವಾಡೆಯೂ ತಪ್ಪಲಿಲ್ಲ. ಬಳೆ ಬಿಡಿಸಿಕೊಂಡು ಬಂದೆ.

ಮೇಸ್ತ್ರಿ ಒಂದು ಭಾನುವಾರ ಬಂದು ನೋಡಿದರು. ಪ್ರತಿ ಬಾತ್‌ರೂಂನಲ್ಲೂ ಕೂತು ಟೈಲ್ಸ್ ತಟ್ಟಿದರು. ಏನೂ ಹೇಳಲಿಲ್ಲ. ಕೆಳಗಿಳಿದು ಚಹಾ ಕುಡಿಯುವಾಗ, "ಚೊಕ್ಕಸಂದ್ರದಾಗ ಎಂಟು ಮನಿದು ಒಂದು ಐತಿ, ನನ್ನ ಕೈಲಿ ಆಗಂಗಿಲ್ಲ, ನೀನೇ ನೋಡು" ಅಂದರು.

ಅದರಲ್ಲಿ ಭೋಗ್ಯದ ಮನೆ ಎರಡಿವೆ. ಸಿಮೆಂಟ್ ಜಿಎಸ್‌ಟಿ 2025ರ ಸೆಪ್ಟೆಂಬರ್‌ನಲ್ಲಿ 28ರಿಂದ 18ಕ್ಕೆ ಇಳಿದದ್ದರಿಂದ ಎಸ್ಟಿಮೇಟ್ ಮತ್ತೆ ಬರೆದುಕೊಟ್ಟಿದ್ದೇನೆ. ಧನುರ್ಮಾಸದಲ್ಲೂ ಯಾರೂ ಮನೆ ಬದಲಿಸಲ್ಲ. ಡಿಸೆಂಬರ್ ಹೊತ್ತಿಗೆ ಯಾವ ಮನೆ ಖಾಲಿಯಾಗುತ್ತದೆ ಅಂತ ಕೇಳಿ ಇಟ್ಟುಕೊಂಡಿದ್ದೇನೆ. ನೆಲಮಹಡಿಯದೇ ಆಗಲಿ ಅಂತ ಆಸೆ.